ಎಡಗಾಲಿಗೆ ಎಣ್ಣೆ, ಬಲಗಾಲಿಗೆ ಕ್ರೀಮು: ಬೆಟ್ಟ ಹತ್ತುವಾಗ ಸೊಳ್ಳೆಗೆ ಯಾವುದು ಸರಿ?

ಪಾಂಡವಪುರದ ಕುಂತಿ ಬೆಟ್ಟ ಇಳಿದು, ಕೆರೆ ಹತ್ತಿರ ಒಂದು ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. ಎಡಗಾಲಿನ ಗಿಣ್ಣಿನ ಸುತ್ತ ಹದಿನಾಲ್ಕು ಗಂದೆ. ಬಲಗಾಲಿನಲ್ಲಿ ಮೂರು. ಎರಡೂ ಕಾಲು ನಡೆದದ್ದು ಒಂದೇ ದಾರಿ, ಹಾಕಿದ್ದು ಒಂದೇ ಥರದ ಸಾಕ್ಸ್. ಎಡಗಾಲಿಗೆ ನಿಂಬೆಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆಯುವ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿದ್ದೆ, ಬಲಗಾಲಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸೊಳ್ಳೆ ಕ್ರೀಮು.

ಹೀಗೆ ಎಣಿಸುವ ಅಭ್ಯಾಸ ಶುರುವಾಗಿದ್ದಕ್ಕೆ ಕಾರಣ ಇದೆ. 2024ರ ಮಳೆಗಾಲದಲ್ಲಿ ಅಕ್ಕನ ಮಗನಿಗೆ ಡೆಂಗ್ಯೂ ಬಂತು. ಆ ಸೆಪ್ಟೆಂಬರಿನಲ್ಲೇ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ನೆನಪಿರಬಹುದು. ಮುತ್ತತ್ತಿ ಕಡೆ ಸುತ್ತಾಡಿ ಬಂದ ಆರನೇ ದಿನ ಅವನಿಗೆ ಜ್ವರ ಹತ್ತಿತು. ಅಲ್ಲೇ ಕಚ್ಚಿತೋ, ಮೈಸೂರಿನ ಮನೆಯಲ್ಲೇ ಕಚ್ಚಿತೋ ಹೇಳೋಕಾಗಲ್ಲ. ಆದರೆ ಕರೆದುಕೊಂಡು ಹೋದದ್ದು ನಾನು. ಅವತ್ತು ನನ್ನ ಬ್ಯಾಗಿನಲ್ಲಿ ಚಕ್ಕುಲಿ ಇತ್ತು, ಟಾರ್ಚ್ ಇತ್ತು, ಹೆಚ್ಚುವರಿ ಬ್ಯಾಟರಿ ಕೂಡ ಇತ್ತು. ಸೊಳ್ಳೆಗೆ ಅಂತ ಏನೂ ಇರಲಿಲ್ಲ. ಆಮೇಲೆ ಹೋದ ಕಡೆಯೆಲ್ಲ ಒಂದೊಂದನ್ನು ಹಚ್ಚಿ, ಸುತ್ತಿ, ಕಟ್ಟಿ ನೋಡಿದ್ದೇನೆ. ಕರಿಘಟ್ಟ, ಮೇಲುಕೋಟೆ, ಕುಂತಿ ಬೆಟ್ಟ, ಹಲಗೂರಿನ ಆಚೆ ಕಾಡಂಚಿನ ಪರಿಚಯದವರ ತೋಟ. ಕಾಲು ಅದಲುಬದಲು ಮಾಡಿಯೂ ನೋಡಿದ್ದೇನೆ, ಎಡಗಾಲಿನ ರಕ್ತವೇ ಸಿಹಿ ಇರಬಾರದಲ್ವಾ!

ಮೊದಲು ಎಣ್ಣೆಗಳ ವಿಷಯ. ಸಿಟ್ರೊನೆಲ್ಲಾವನ್ನು ದೇವರಾಜ ಮಾರುಕಟ್ಟೆಯಲ್ಲಿ ಕೊಂಡು ಕೊಬ್ಬರಿ ಎಣ್ಣೆಗೆ ಬೆರೆಸಿದ್ದೆ. ಹಾಗೇ ಹಚ್ಚಿದರೆ ಚರ್ಮ ಉರಿಯುತ್ತದೆ. ವಾಸನೆ ತುಂಬ ಚೆನ್ನ. ಮೊದಲ ಇಪ್ಪತ್ತು ನಿಮಿಷ ಸೊಳ್ಳೆ ಹತ್ತಿರ ಬಂದು ತಿರುಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಏರು ದಾರಿ ಶುರುವಾಗಿ ಬೆವರು ಇಳಿದ ಮೇಲೆ ಕೆಲಸ ಕೆಟ್ಟಿತು. ಇದು ಬೇಗ ಆವಿಯಾಗಿ ಹೋಗುವ ಎಣ್ಣೆ. ವಾಸನೆ ಇರುವವರೆಗೆ ಕಾವಲು, ಅದು ಹೋದರೆ ಏನೂ ಇಲ್ಲ. ಮನೆ ಜಗಲಿ ಮೇಲೆ ಕೂತವರು ಅರ್ಧ ಗಂಟೆಗೊಮ್ಮೆ ಹಚ್ಚಿಕೊಳ್ಳಬಹುದು. ಮೂರು ಗಂಟೆ ಬೆಟ್ಟ ಹತ್ತುವವರಿಗೆ ಆಗದ ಮಾತು. ಬೇವಿನ ಎಣ್ಣೆ ಸ್ವಲ್ಪ ಜಾಸ್ತಿ ಹೊತ್ತು ನಿಂತಿತು. ಆದರೆ ಅಂಟು ಕಾಲಿಗೆ ದೂಳೆಲ್ಲ ಮೆತ್ತಿಕೊಂಡು, ಆ ವಾಸನೆಗೆ ಬುತ್ತಿ ಬಿಚ್ಚಿದವರು ನನ್ನನ್ನು ದೂರ ಕೂರಿಸಿದರು. ಕೈಗೆ ಕಟ್ಟುವ ವಾಸನೆ ಪಟ್ಟಿ ಬರುತ್ತದಲ್ಲ, ಅದು ಪೂರ್ತಿ ದಂಡ. ಪಟ್ಟಿ ಕಟ್ಟಿದ ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೇ ಕಚ್ಚಿತು.

ಇನ್ನೊಂದು ಗೊಂದಲ ಹೇಳಲೇಬೇಕು. ನಿಂಬೆ ವಾಸನೆಯ ನೀಲಗಿರಿ ಮರದಿಂದ ತೆಗೆದು ಸಂಸ್ಕರಿಸಿದ ಒಂದು ಪದಾರ್ಥ ಇದೆ, ಪಿಎಂಡಿ ಅಂತ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ. ಆದರೆ ನಾವು ನೆಗಡಿಗೆ ಮೂಸುವ ನೀಲಗಿರಿ ಎಣ್ಣೆ ಅದಲ್ಲ. ಎರಡೂ ಒಂದೇ ಅಂದುಕೊಂಡು ಹಚ್ಚಿ ಕಾಡಿಗೆ ಹೋದವರನ್ನು ನೋಡಿದ್ದೇನೆ.

ಸೊಳ್ಳೆ ಕ್ರೀಮಿನ ಟ್ಯೂಬಿನ ಹಿಂದೆ ಸಣ್ಣ ಅಕ್ಷರ ಓದಿ. ನಾನು ಕೊಂಡದ್ದರಲ್ಲಿ ಡೈಈಥೈಲ್ ಬೆಂಜಮೈಡ್ 12% ಅಂತಿತ್ತು. ಬೆಲೆ ಕಡಿಮೆ, ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಬೆಳಗಿನ ಬೆಟ್ಟಕ್ಕೆ ನನಗೆ ಇದೇ ಸಾಕಾಗಿದೆ, ಎರಡೂವರೆ ಗಂಟೆಗೊಮ್ಮೆ ಮತ್ತೆ ಹಚ್ಚಿದರೆ. ಮರೆತ ಜಾಗ ಮಾತ್ರ ಸೊಳ್ಳೆ ಮರೆಯುವುದಿಲ್ಲ. ಕಿವಿಯ ಹಿಂದೆ, ಸಾಕ್ಸಿನ ಅಂಚು, ಶರಟು ಮೇಲೆದ್ದಾಗ ಕಾಣುವ ಸೊಂಟ. ಬಿಸಿಲಿನ ಕ್ರೀಮು ಹಚ್ಚುವವರಾದರೆ ಮೊದಲು ಅದು, ಆರಿದ ಮೇಲೆ ಇದು.

ಇಡೀ ದಿನದ ನಡಿಗೆಗೆ ಪೈಪೋಟಿ ಇರುವುದು ಡೀಟ್ ಮತ್ತು ಪಿಕಾರಿಡಿನ್ ಅನ್ನುವ ಎರಡು ಸೊಳ್ಳೆ ನಿವಾರಕಗಳ ನಡುವೆ. ಡೀಟ್ ಹಳೆಯದು. 1940ರ ದಶಕದಲ್ಲಿ ಅಮೆರಿಕದ ಸೇನೆಗೆಂದು ಬಂದು, 1957ರಿಂದ ಜನರ ಕೈಗೆ ಸಿಕ್ಕಿತು. ಪಿಕಾರಿಡಿನ್ 1980ರ ದಶಕದ್ದು. ನನ್ನ ಹತ್ತಿರ ಇದ್ದದ್ದು ಡೀಟ್ 25% ಮತ್ತು ಪಿಕಾರಿಡಿನ್ 20%, ಎರಡೂ ಸ್ಪ್ರೇ. ಹಲಗೂರಿನ ಆಚೆ ಬಿದಿರು ಮೆಳೆ ಪಕ್ಕ ನಡೆಯುವಾಗ ಒಂದೊಂದು ತೋಳಿಗೆ ಒಂದೊಂದು ಹಾಕಿದೆ. ಆ ಜಾಗ ಬೇಕಂತಲೇ ಆರಿಸಿದ್ದು. ಕಡಿದ ಬಿದಿರಿನ ಮೋಟಿನಲ್ಲಿ ಮಳೆ ನೀರು ನಿಂತಿರುತ್ತದೆ, ಬಿಳಿ ಪಟ್ಟೆಯ ಏಡಿಸ್ ಸೊಳ್ಳೆ ಅದರಲ್ಲೇ ಮರಿ ಮಾಡುತ್ತದೆ. ಬಗ್ಗಿ ನೋಡಿದರೆ ಒಂದು ಲೋಟ ನೀರಿನಲ್ಲಿ ಹುಳುಗಳು ಕೊಂಕುತ್ತಾ ಮೇಲೆ ಕೆಳಗೆ ಆಡುತ್ತಿದ್ದವು. ಡೆಂಗ್ಯೂ ಹರಡುವ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಸಂಜೆ ಹಚ್ಚಿದರೆ ಸಾಕು ಅನ್ನುವವರು ತಪ್ಪುವುದು ಇಲ್ಲೇ.

ನಾಲ್ಕು ಗಂಟೆ ಎರಡು ತೋಳಿಗೂ ಒಂದೂ ಕಚ್ಚಲಿಲ್ಲ. ತಡೆಯುವುದರಲ್ಲಿ ಸಮ ಸಮ. ವ್ಯತ್ಯಾಸ ತಿಳಿದದ್ದು ಕನ್ನಡಕ ತೆಗೆದಾಗ. ಡೀಟ್ ತಾಗಿದ ಬೆರಳಲ್ಲಿ ಪ್ಲಾಸ್ಟಿಕ್ ಫ್ರೇಮ್ ಹಿಡಿದಿದ್ದೆ. ಹೆಬ್ಬೆರಳಿನ ಗೆರೆ ಗೆರೆಯೂ ಫ್ರೇಮಿನ ಮೇಲೆ ಮುದ್ರೆ ಒತ್ತಿದ ಹಾಗೆ ಕೂತಿತ್ತು. ಉಜ್ಜಿದರೆ ಹೋಗಲಿಲ್ಲ, ಪ್ಲಾಸ್ಟಿಕ್ಕೇ ಕರಗಿತ್ತು. ಡೀಟ್ ಪ್ಲಾಸ್ಟಿಕ್ಕಿಗೂ ಕೆಲವು ಸಿಂಥೆಟಿಕ್ ಬಟ್ಟೆಗೂ ಹಾಗೆ ಮಾಡುತ್ತದೆ. ವಾಚು, ಕ್ಯಾಮೆರಾ, ಟೆಂಟು, ಬ್ಯಾಗಿನ ಪಟ್ಟಿ, ಎಲ್ಲ ಹುಷಾರು. ಪಿಕಾರಿಡಿನ್‌ಗೆ ಆ ದೋಷ ಇಲ್ಲ, ವಾಸನೆ ಕಡಿಮೆ, ಜಿಡ್ಡಿಲ್ಲ. ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗದು, ಬೆಲೆಯೂ ಜಾಸ್ತಿ. ಆದರೂ ಇಡೀ ದಿನದ ನಡಿಗೆಗೆ ಮತ್ತು ಮಕ್ಕಳ ಜೊತೆ ಹೋಗುವಾಗ ನಾನು ಅದನ್ನೇ ಒಯ್ಯುವುದು. ಮಕ್ಕಳಿಗೆ ನೀವೇ ಹಚ್ಚಿ. ಅಂಗೈಗೆ ಬೇಡ, ಅದು ನೇರ ಬಾಯಿಗೆ ಹೋಗುತ್ತದೆ.

ಡೀಟ್ 80%, 90% ಅಂತಲೂ ಬರುತ್ತದೆ. ಸುಮ್ನೆ ದುಡ್ಡು ಹಾಕಬೇಡಿ. 50% ದಾಟಿದ ಮೇಲೆ ಕಾಯುವ ಹೊತ್ತು ಅಂಥದ್ದೇನೂ ಬೆಳೆಯುವುದಿಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಗಂಟುವ ಟೈಟ್ಸ್ ಮೂಲಕ ಸೊಳ್ಳೆ ಆರಾಮಾಗಿ ಕಚ್ಚುತ್ತದೆ. ಸಡಿಲವಾದ ತಿಳಿ ಬಣ್ಣದ ತುಂಬು ತೋಳಿನ ಶರಟು, ಸಾಕ್ಸಿನೊಳಗೆ ಸೇರಿಸಿದ ಪ್ಯಾಂಟು. ಇಷ್ಟಿದ್ದರೆ ಕ್ರೀಮು ಅರ್ಧಕ್ಕರ್ಧ ಉಳಿಯುತ್ತದೆ, ಉಣ್ಣೆ ಹುಳ ಹತ್ತುವುದೂ ಕಡಿಮೆ. ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆಯುವ ಪದ್ಧತಿ ಇದೆ, ಮೈಗಲ್ಲ, ಬಟ್ಟೆಗೆ ಮಾತ್ರ. ನಾನು ಮಾಡಿಲ್ಲ. ಅದು ಬೆಕ್ಕಿಗೆ ವಿಷ, ನಮ್ಮ ಮನೆಯಲ್ಲಿ ಬೆಕ್ಕಿದೆ.

ರಾತ್ರಿಯದು ಬೇರೆ ಲೆಕ್ಕ. ಮಂಡ್ಯದ ಗದ್ದೆ ಬಯಲಿನಲ್ಲಿ ಸೂರ್ಯ ಮುಳುಗಿದ ಮೇಲೆ ಏಳುವುದು ಕ್ಯೂಲೆಕ್ಸ್ ಸೊಳ್ಳೆ. ಮೆದುಳು ಜ್ವರ ಹರಡುವ ಜಾತಿ ಗದ್ದೆಯ ನಿಂತ ನೀರಿನಲ್ಲೇ ಬೆಳೆಯುತ್ತದೆ. ವಿಸಿ (ವಿಶ್ವೇಶ್ವರಯ್ಯ) ನಾಲೆ ನೀರು ಬಿಟ್ಟ ಕಾಲಕ್ಕೆ ಯಾವ ಬೆಟ್ಟದ ಬುಡದಲ್ಲಿ ಮಲಗಿದರೂ ಇದು ತಪ್ಪಿದ್ದಲ್ಲ. ತೋಟದ ಮನೆಯಲ್ಲಿ ನಾನು ಸೊಳ್ಳೆ ಬತ್ತಿ ಹಚ್ಚಲು ಹೋದಾಗ ಆ ಮನೆಯ ಅಜ್ಜಿ ತಡೆದರು. “ಅದ್ಯಾಕ್ ಮಗ ಬತ್ತಿ ಗಿತ್ತಿ, ಲಕ್ಕಿ ಸೊಪ್ಪಿನ್ ಹೊಗೆ ಹಾಕ್ತೀನಿ ಇರು” ಅಂದರು. ಕೊಟ್ಟಿಗೆ ಬಾಗಿಲಲ್ಲಿ ಬೆರಣಿ ಕೆಂಡದ ಮೇಲೆ ಹಸಿ ಲಕ್ಕಿ, ಬೇವಿನ ಸೊಪ್ಪು ಹಾಕಿದರು. ದನಗಳು ಬಾಲ ಬೀಸುವುದನ್ನು ನಿಲ್ಲಿಸಿದವು, ನಾವೂ ಮುದ್ದೆ ಉಪ್ಸಾರು ನೆಮ್ಮದಿಯಾಗಿ ಉಂಡೆವು. ಬಯಲಲ್ಲಿ ಬತ್ತಿಗಿಂತ ಈ ಹೊಗೆ ವಾಸಿ ಅಂತ ನನಗೆ ಅನಿಸಿತು. ಬತ್ತಿಯ ಹೊಗೆ ಗಾಳಿ ಬೀಸಿದ ಕಡೆ ಓಡುತ್ತದೆ, ಗಾಳಿ ಬರುವ ಪಕ್ಕದಲ್ಲಿ ಕೂತವರಿಗೆ ಏನೂ ಇಲ್ಲ. ಆದರೆ ಕೆಂಡ ತಣ್ಣಗಾದ ಅರ್ಧ ಗಂಟೆಗೆ ಸೊಳ್ಳೆ ವಾಪಸ್. ಮತ್ತೆ ಹೊಗೆ ಯಾವ ಹೊಗೆಯಾದರೂ ಎದೆಗೆ ಒಳ್ಳೆಯದಲ್ಲ. ಟೆಂಟಿನೊಳಗೆ ಬತ್ತಿ ಹಚ್ಚುವುದಂತೂ ಬೇಡವೇ ಬೇಡ, ಉಸಿರೂ ಕಟ್ಟುತ್ತದೆ, ಬೆಂಕಿಯೂ ಹತ್ತುತ್ತದೆ.

ಮಲಗುವುದಕ್ಕೆ ಸೊಳ್ಳೆಪರದೆಯನ್ನು ಮೀರಿಸಿದ್ದು ಇಲ್ಲ. ಅದನ್ನು ಕಟ್ಟುವ ರೀತಿ ಮಾತ್ರ ಕಲಿಯಬೇಕು. ಮೊದಲ ರಾತ್ರಿ ನಾನು ಅಗಲ ಸಾಲದ ಪರದೆಯಲ್ಲಿ ಮೊಣಕೈ ತಾಗಿಸಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಪರದೆ ಒತ್ತಿದ ಗುರುತಿನ ಉದ್ದಕ್ಕೂ ಏಳು ಗಂದೆ, ದಾರದಲ್ಲಿ ಪೋಣಿಸಿದ ಹಾಗೆ. ಹೊರಗೆ ಕೂತೇ ಕಚ್ಚಿದ್ದವು. ಮೈಗೂ ಪರದೆಗೂ ಒಂದು ಗೇಣು ಬಿಡಿ, ಅಂಚನ್ನು ಚಾಪೆ ಕೆಳಗೆ ಸಿಕ್ಕಿಸಿ.

ಕಚ್ಚಿದ ಮೇಲಿನ ಮಾತು. ನವೆಗೆ ಕಾರಣ ಸೊಳ್ಳೆಯ ಜೊಲ್ಲು. ಅದನ್ನು ನಮ್ಮ ಮೈ ಎದುರಿಸುವುದರಿಂದಲೇ ಊತ, ತುರಿಕೆ. ನಮ್ಮಲ್ಲಿ ಥಟ್ಟನೆ ಸುಣ್ಣ ಹಚ್ಚುವ ರೂಢಿ ಇದೆ. ನಾನೂ ಹಚ್ಚಿದ್ದೆ. ಉರಿ ನವೆಯನ್ನು ಮರೆಸುತ್ತದೆ, ಅಷ್ಟೇ. ಮಾರನೇ ದಿನ ಕಾಲಿನ ಮೇಲೆ ಸುಟ್ಟ ಕಲೆ ಎದ್ದು ಹದಿನೈದು ದಿನ ಉಳಿಯಿತು. ದಯವಿಟ್ಟು ಮಕ್ಕಳಿಗೆ ಹಚ್ಚಬೇಡಿ. ಟೂತ್‌ಪೇಸ್ಟ್ ತಣ್ಣಗೆ ಅನಿಸಿ ಹತ್ತು ನಿಮಿಷಕ್ಕೆ ಮುಗಿಯಿತು. ಲೋಳೆಸರ ಹಿತವಾಗಿತ್ತು, ನವೆ ಮಾತ್ರ ಹಾಗೇ ಇತ್ತು.

ಸೋಪು ನೀರಲ್ಲಿ ತೊಳೆದು ತಣ್ಣನೆ ಒದ್ದೆ ಬಟ್ಟೆ ಒತ್ತಿ ಹಿಡಿಯುವುದು ಇವೆಲ್ಲಕ್ಕಿಂತ ವಾಸಿ, ಖರ್ಚೂ ಇಲ್ಲ. ಅದಾದ ಮೇಲೆ ಕ್ಯಾಲಮೈನ್ ಲೋಷನ್. ಒಂದೆರಡು ಗಂಟೆ ನೆಮ್ಮದಿ ಕೊಡುತ್ತದೆ, ಬೆವರಿದರೆ ಹೋಗುತ್ತದೆ. ತುಂಬ ಊದಿದ ಗಂದೆಗೆ 1% ಹೈಡ್ರೊಕಾರ್ಟಿಸೋನ್ ಕ್ರೀಮು ತೆಳ್ಳಗೆ ಹಚ್ಚಿದ್ದು ನನಗೆ ಎಲ್ಲಕ್ಕಿಂತ ಬೇಗ ಕೆಲಸ ಮಾಡಿತು. ಕೆರೆದು ಗಾಯವಾದ ಕಡೆ ಅದನ್ನು ಹಚ್ಚುವಂತಿಲ್ಲ. ರಾತ್ರಿ ನಿದ್ದೆಗೆಡಿಸುವ ನವೆಗೆ ಸೆಟ್ರಿಜಿನ್ ಮಾತ್ರೆ ಸರಿ, ಆದರೆ ಮಂಪರು ಬರುತ್ತದೆ. ಬೆಳಿಗ್ಗೆ ಬಂಡೆ ಹತ್ತುವವರು, ಗಾಡಿ ಓಡಿಸುವವರು ನೋಡಿಕೊಂಡು ತಗೊಳ್ಳಿ.

ಒಂದು ಪ್ರಯೋಗ ಅಚ್ಚರಿ ತಂದಿತು. ಬಿಸಿ ಟೀ ಲೋಟದಲ್ಲಿ ಅದ್ದಿದ ಸ್ಟೀಲ್ ಚಮಚವನ್ನು ಗಂದೆ ಮೇಲೆ ಕೆಲವು ಸೆಕೆಂಡು ಇಟ್ಟೆ. ನವೆ ಮುಕ್ಕಾಲು ಗಂಟೆ ಸುಳಿಯಲಿಲ್ಲ. ಮೊದಲು ಮಣಿಕಟ್ಟಿನ ಒಳಗಡೆ ಇಟ್ಟು ಬಿಸಿ ಎಷ್ಟಿದೆ ನೋಡಲೇಬೇಕು. ಮಕ್ಕಳಿಗೆ ನಾನಿದನ್ನು ಮಾಡುವುದಿಲ್ಲ.

ಮನೆಗೆ ಬಂದ ಮೇಲೆ ಜ್ವರ ಬಂದರೆ ಇಲ್ಲಿ ಹೇಳಿದ ಯಾವುದೂ ಮದ್ದಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. ಎಲ್ಲಿಗೆ, ಯಾವತ್ತು ಹೋಗಿದ್ದೆವು ಅಂತ ಮೊದಲೇ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಡೆಂಗ್ಯೂ ಆಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯಿತು ಅಂತ ಮೈಮರೆಯುವಂತೆಯೂ ಇಲ್ಲ. ಅಕ್ಕನ ಮಗನಿಗೆ ಜ್ವರ ಬಿಟ್ಟ ದಿನವೇ ಹೊಟ್ಟೆನೋವು, ಬಿಡದ ವಾಂತಿ ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದು. ಈಗ ಯಾವ ಬೆಟ್ಟಕ್ಕೆ ಹೋಗಿ ಬಂದರೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕುತ್ತೇನೆ. ಹದಿನಾಲ್ಕು ದಿನ ಎಣಿಸಿ ಇನ್ನೊಂದು ಸುತ್ತು. ಅದು ಬರುವವರೆಗೆ ದಿನಾ ಸಂಜೆ ಅವನಿಗೆ ಫೋನ್ ಮಾಡುತ್ತೇನೆ.