ಚೈನಿಗೆ ತಾನೇ ಎಣ್ಣೆ ಹಾಕುವ ಸಾಧನ: ಮೈಸೂರು–ಮಂಡ್ಯ ಸರ್ವಿಸ್ ರಸ್ತೆಯಲ್ಲಿ ಒಂದು ಚೈನ್ ಕಿಟ್ ಸವೆಯುವವರೆಗೆ

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರಲಿ. ಬೈಕಿನ ಚೈನ್ ತೆರೆದದ್ದಾಗಿದ್ದು, ಮಳೆಗಾಲದಲ್ಲೂ ದಿನವೂ ದೂರ ಓಡಿಸುವವರಾಗಿದ್ದರೆ, ತಾನೇ ಎಣ್ಣೆ ತೊಟ್ಟಿಕ್ಕಿಸುವ ಸಾಧನಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಬೇಸಿಗೆಯ ದೂಳಿನಲ್ಲಿ ಮತ್ತು ಊರೊಳಗಿನ ಓಡಾಟದಲ್ಲಿ ಕೈಯಿಂದ ಹಚ್ಚಿ ಒರೆಸಿದ ಗೇರ್ ಆಯಿಲ್ ಅದಕ್ಕಿಂತ ಮೇಲು. ಹಾಗಾಗಿ ಈಗ ನನ್ನ ಬೈಕಿನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಸಾಧನದ ನಲ್ಲಿ ತೆರೆದಿರುತ್ತದೆ. ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿ ಎಣ್ಣೆಯ ಡಬ್ಬಿ, ಬ್ರಷ್ಷು ಕೈಗೆತ್ತಿಕೊಳ್ಳುತ್ತೇನೆ.

ಓಡಾಟದ ಬಗೆ ತಿಳಿಸದೆ ಇಂಥ ಮಾತು ಹೇಳಿ ಪ್ರಯೋಜನವಿಲ್ಲ. ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದಲ್ಲಿ. ಹೋಗಿಬರುವುದು ಸೇರಿದರೆ ದಿನಕ್ಕೆ ತೊಂಬತ್ತು ಕಿಲೋಮೀಟರ್ ಆಸುಪಾಸು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಮ್ಮ ಪಾಲಿಗೆ ಸರ್ವಿಸ್ ರಸ್ತೆ. ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲು, ತೂಬಿನಕೆರೆ, ಇಂಡುವಾಳು ಎಂದು ಸಾಗುವ ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೋಗುವಾಗ ಗದ್ದೆಯ ಮಣ್ಣು, ಕಬ್ಬಿನ ತರಗು, ಜಲ್ಲಿಯ ಪುಡಿ ಎಲ್ಲವೂ ಎದುರಾಗುತ್ತವೆ. ಜೋರು ಮಳೆ ಬಂದರೆ ತಗ್ಗಿನ ಕಡೆ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಬಿಡುವಾದಾಗ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೂ ಹೋಗುತ್ತೇನೆ. ಬೈಕು 400 ಸಿಸಿ ಆಸುಪಾಸಿನದು, ಓ-ರಿಂಗ್ ಚೈನು, ಮೇಲೆ ಅರ್ಧ ಕವಚ ಮಾತ್ರ. ಮೊದಲ ಚೈನ್ ಕಿಟ್ (ಚೈನು ಮತ್ತು ಅದು ಸುತ್ತುವ ಮುಂದಿನ, ಹಿಂದಿನ ಹಲ್ಲುಚಕ್ರಗಳು, ಅಂದರೆ ಸ್ಪ್ರಾಕೆಟ್‌ಗಳು) ಪೂರ್ತಿಯಾಗಿ ಕೈಯ ಆರೈಕೆಯಲ್ಲೇ ಸವೆಯಿತು. ಎರಡನೆಯದಕ್ಕೆ ಸಾಧನ ಹಾಕಿಸಿದೆ. ಇಲ್ಲಿರುವುದು ಆ ಎರಡರ ಹೋಲಿಕೆ.

ಓ-ರಿಂಗ್ ಚೈನಿನ ಒಳಗೆ ಏನಿದೆ ಎಂಬುದು ಗೊತ್ತಿಲ್ಲದೆ ಎಣ್ಣೆಯ ಚರ್ಚೆ ಮಾಡುವವರೇ ಹೆಚ್ಚು. ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತಲಿನ ಬುಶ್ಶಿಗೂ ನಡುವೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ಪ್ಲೇಟುಗಳ ಸಂದಿಯಲ್ಲಿ ರಬ್ಬರಿನ ಉಂಗುರ ಕೂರಿಸಿ ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಎಷ್ಟೇ ಸುರಿದರೂ ಎಣ್ಣೆ ಅಲ್ಲಿಗೆ ಇಳಿಯುವುದಿಲ್ಲ. ಹೊರಗಿನ ಎಣ್ಣೆಗೆ ಇರುವ ಕೆಲಸ ಬೇರೆ: ರೋಲರ್ (ಬುಶ್ಶಿನ ಮೇಲೆ ತಿರುಗುವ ಉರುಳೆ) ಮತ್ತು ಸ್ಪ್ರಾಕೆಟ್ ಹಲ್ಲು ಉಜ್ಜುವ ಜಾಗವನ್ನು ನುಣುಪಾಗಿಡುವುದು, ಪ್ಲೇಟುಗಳಿಗೆ ತುಕ್ಕು ಹಿಡಿಯದಂತೆ ತಡೆಯುವುದು, ಉಂಗುರಗಳು ಒಣಗಿ ಬಿರಿಯದಂತೆ ನೋಡಿಕೊಳ್ಳುವುದು. ಉಂಗುರ ಬಿರಿದರೆ ಒಳಗಿನ ಗ್ರೀಸ್ ಹೊರಬಂದು ನೀರು, ಮಣ್ಣು ಒಳಸೇರುತ್ತವೆ. ಆಮೇಲೆ ಆ ಕೊಂಡಿ ಗಟ್ಟಿಯಾಗಿ ಕೂರುತ್ತದೆ, ಚೈನು ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲವಾಗುತ್ತದೆ. ಪೆಟ್ರೋಲ್ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಚೈನಿನ ಆಯಸ್ಸನ್ನೇ ಹಿಡಿದಿಟ್ಟಿರುವ ಉಂಗುರಗಳು ಆ ಉಜ್ಜಾಟದಲ್ಲಿ ಹಾಳಾಗುತ್ತವೆ. ಸೀಮೆಎಣ್ಣೆ ಅಥವಾ ಓ-ರಿಂಗ್‌ಗೆ ಹೊಂದುವ ಕ್ಲೀನರ್, ಮೆತ್ತನೆಯ ಬ್ರಷ್ಷು, ಒರೆಸಲು ಹಳೆಯ ಬಟ್ಟೆ ಇಷ್ಟಿದ್ದರೆ ಸಾಕು.

ಮೊದಲ ಕಿಟ್‌ಗೆ ನಾನು ಆರಂಭದಲ್ಲಿ ಅಂಟು ಸ್ಪ್ರೇ ಬಳಸುತ್ತಿದ್ದೆ, ನಂತರ 90ರ (ಅದು ಎಣ್ಣೆಯ ಮಂದತೆಯ ದರ್ಜೆ) ಗೇರ್ ಆಯಿಲ್‌ಗೆ ಬಂದೆ. ಸುಮಾರು ಐನೂರು ಕಿಲೋಮೀಟರಿಗೊಮ್ಮೆ ಹಚ್ಚುವುದು, ಮಳೆಯಲ್ಲಿ ನೆನೆದರೆ ಆ ದಿನವೇ ಹಚ್ಚುವುದು ಕ್ರಮ. ಓಡಿಸಿ ಬಂದು ಚೈನು ಬೆಚ್ಚಗಿರುವಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಕೆಳಸಾಲಿನ ಒಳಮೈಗೆ ಎಣ್ಣೆ ಬಿಡಬೇಕು. ಚಕ್ರ ತಿರುಗುವಾಗ ಎಣ್ಣೆ ತಾನಾಗಿ ಹೊರಮೈಗೆ ಬರುತ್ತದೆ. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿ ಚಕ್ರ ತಿರುಗಲು ಬಿಟ್ಟು ಎಣ್ಣೆ ಹಚ್ಚುವ ಪದ್ಧತಿ ನಮ್ಮ ಕಡೆ ಬಹಳ ಇದೆ. ದಯವಿಟ್ಟು ಬೇಡ. ಬಟ್ಟೆಯ ತುದಿ ಹಲ್ಲಿಗೆ ಸಿಕ್ಕಿದರೆ ಬೆರಳು ಅದರ ಹಿಂದೆಯೇ ಹೋಗುತ್ತದೆ, ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಹಚ್ಚಿದ ಮೇಲೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿದರೆ ಚಕ್ರಕ್ಕೆ ಸಿಡಿಯುವುದು ಕಡಿಮೆ.

ಇದರಲ್ಲಿ ನನಗೆ ಯಾವ ಬೇಸರವೂ ಇರಲಿಲ್ಲ. ತೊಂದರೆ ಇದ್ದದ್ದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ರಾತ್ರಿ ಹಚ್ಚಿದ ಎಣ್ಣೆ ಮರುದಿನ ಮಂಡ್ಯ ತಲುಪುವಷ್ಟರಲ್ಲಿ ತೊಳೆದುಹೋಗುತ್ತಿತ್ತು. ಸಂಜೆ ಬೈಕು ತೆಗೆಯುವಾಗ ಪ್ಲೇಟುಗಳ ಮೇಲೆ ಕೆಂಪು ಪೊರೆ ಕಾಣುತ್ತಿತ್ತು. ನೆನೆದ ಮೈಯಲ್ಲಿ ಮನೆಗೆ ಬಂದು, ಕತ್ತಲಲ್ಲಿ, ಕೆಸರು ಮೆತ್ತಿದ ಚೈನನ್ನು ಪ್ರತಿದಿನ ತೊಳೆಯುವುದು ಎಷ್ಟೇ ಮನಸ್ಸಿದ್ದರೂ ನಡೆಯುವ ಮಾತಲ್ಲ.

ಸಾಧನದ ಕಲ್ಪನೆ ಹಳೆಯದು. 1969ರ ಹೋಂಡಾ ಸಿಬಿ 750 ಬೈಕಿನಲ್ಲಿ ಮುಂದಿನ ಸ್ಪ್ರಾಕೆಟ್ ಕೂರುವ ಶಾಫ್ಟಿನ ಮೂಲಕವೇ ಚೈನಿಗೆ ಎಣ್ಣೆ ಜಿನುಗುವ ವ್ಯವಸ್ಥೆ ಇತ್ತು. ಮುಚ್ಚಿದ ಉಂಗುರದ ಚೈನುಗಳು ಬಂದ ಮೇಲೆ ತಯಾರಕರು ಅಂಥದ್ದನ್ನು ಕೈಬಿಟ್ಟರು. ಬೇರೆಯಾಗಿ ಕೊಂಡು ಜೋಡಿಸುವ ಸಾಧನಗಳಲ್ಲಿ ಸ್ಕಾಟ್ಲೆಂಡಿನ ಸ್ಕಾಟಾಯಿಲರ್ 1980ರ ದಶಕದಿಂದ ಹೆಸರು ಮಾಡಿದೆ. ನಾನು ಹಾಕಿಸಿದ್ದು ಬೇರೆ ತಯಾರಿಕೆಯದು, ತತ್ವ ಮಾತ್ರ ಅದೇ. ಸೀಟಿನ ಪಕ್ಕದಲ್ಲಿ ಒಂದು ಪುಟ್ಟ ಎಣ್ಣೆ ಡಬ್ಬಿ. ಅದರಿಂದ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಗುಂಟ ಹಿಂದಿನ ಸ್ಪ್ರಾಕೆಟ್‌ವರೆಗೆ ಸಣ್ಣ ಕೊಳವೆ. ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತ ಡಬ್ಬಿಯ ಕವಾಟವನ್ನು ಎತ್ತಿ ಹಿಡಿಯುತ್ತದೆ, ಎಂಜಿನ್ ನಿಂತರೆ ಕವಾಟ ಮುಚ್ಚಿಕೊಳ್ಳುತ್ತದೆ. ಕೊಳವೆಯ ತುದಿ ಸ್ಪ್ರಾಕೆಟ್ಟಿನ ಮೈಗೆ ಎಣ್ಣೆ ಮುಟ್ಟಿಸುತ್ತದೆ, ಸ್ಪ್ರಾಕೆಟ್ ತಿರುಗುವ ರಭಸಕ್ಕೆ ಅದು ಹೊರಕ್ಕೆ ಹರಿದು ರೋಲರುಗಳನ್ನು ಸೇರುತ್ತದೆ. ನಿಮಿಷಕ್ಕೆ ಒಂದೆರಡು ಹನಿ ಬಿದ್ದರೆ ಸಾಕು. ಕೆಲವು ಬಗೆಗಳಲ್ಲಿ ನಿರ್ವಾತದ ಬದಲು ಬೈಕಿನ ಅಲುಗಾಟವನ್ನು ಗುರುತಿಸಿ ತೆರೆದುಕೊಳ್ಳುವ ಏರ್ಪಾಟಿದೆ. ಸಿಗ್ನಲ್‌ಗಳಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಆ ಬಗೆಯನ್ನೇ ಆರಿಸಿಕೊಳ್ಳಲಿ. ನನ್ನದು ಬೈಕು ನಿಂತಿದ್ದರೂ ಎಂಜಿನ್ ಓಡುತ್ತಿರುವವರೆಗೆ ತೊಟ್ಟಿಕ್ಕುತ್ತಲೇ ಇರುತ್ತದೆ.

ಮಳೆಯಲ್ಲಿ ಇದು ತೋರಿಸಿದ ವ್ಯತ್ಯಾಸ ದೊಡ್ಡದು. ನೀರು ತೊಳೆದಷ್ಟೂ ಹಿಂದೆಯೇ ಹೊಸ ಎಣ್ಣೆ ಬರುತ್ತದೆ. ಕುಶಾಲನಗರದಿಂದ ಮಡಿಕೇರಿಯವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಹೋಗಿ ನಿಲ್ಲಿಸಿದಾಗಲೂ ರೋಲರುಗಳು ಮಿನುಗುತ್ತಿದ್ದವು, ಮುಟ್ಟಿದರೆ ಬೆರಳಿಗೆ ತೆಳುವಾದ ಜಿಡ್ಡು. ಕೆಂಪು ಪೊರೆ ಒಂದು ಮಳೆಗಾಲದಲ್ಲೂ ಕಾಣಲಿಲ್ಲ. ಚೈನು ಬಿಗಿ ಮಾಡಿಸುವ ಅಂತರ ಮಳೆಗಾಲದಲ್ಲಿ ಮೊದಲಿನ ಎರಡು ಪಟ್ಟಾಯಿತು. ನೀರಿನ ಜೊತೆಗೆ ಕೊಳೆಯೂ ಇಳಿದುಹೋಗುವುದರಿಂದ ತೊಳೆಯುವ ಕೆಲಸವೂ ಕಡಿಮೆ. ತೆಳುವಾದ ಎಣ್ಣೆ ಸ್ವಲ್ಪ ಸ್ವಲ್ಪವೇ ಬರುತ್ತಿರುವುದು, ಮಂದವಾದ ಸ್ಪ್ರೇ ವಾರಕ್ಕೊಮ್ಮೆ ಬೀಳುವುದಕ್ಕಿಂತ ಎಷ್ಟು ಒಳ್ಳೆಯದು ಎಂಬುದು ನನಗೆ ಅರ್ಥವಾದದ್ದು ಆ ರಸ್ತೆಯಲ್ಲೇ.

ಫೆಬ್ರುವರಿ, ಮಾರ್ಚ್ ಬಂದಾಗ ಲೆಕ್ಕ ಬದಲಾಗುತ್ತದೆ. ಸದಾ ಹಸಿಯಾಗಿರುವ ಚೈನು ಸರ್ವಿಸ್ ರಸ್ತೆಯ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಗೆ ಸಣ್ಣ ಮರಳು ಬೆರೆತರೆ ಅದು ಸಾಣೆ ಹಿಡಿಯುವ ಲೇಪದಂತೆ ರೋಲರನ್ನೂ ಹಲ್ಲನ್ನೂ ತಿನ್ನುತ್ತದೆ. ಹನಿ ಹೆಚ್ಚಿಸಿದರೆ ಕೊಳೆ ಕೊಚ್ಚಿಹೋಗುತ್ತದೆ ಎಂಬ ಸಲಹೆ ಕೈಪಿಡಿಯಲ್ಲಿತ್ತು. ಹೆಚ್ಚಿಸಿದಾಗ ಎಣ್ಣೆ ರಿಮ್ಮಿಗೂ ಟೈರಿನ ಅಂಚಿಗೂ ಸಿಡಿಯಿತು. ಟೈರಿಗೆ ಎಣ್ಣೆ ಮುಟ್ಟುವುದು ಪ್ರಾಣದ ಪ್ರಶ್ನೆ, ಅಲ್ಲಿ ರಾಜಿ ಸಾಧ್ಯವಿಲ್ಲ. ಇನ್ನೊಂದು ಸಂಗತಿ ಬಿಸಿಲಿನದು. ಜನವರಿಯ ಬೆಳಿಗ್ಗೆಗೆ ಸರಿಯಾಗಿ ಹೊಂದಿಸಿದ ಹನಿ, ಏಪ್ರಿಲ್‌ನ ಮಧ್ಯಾಹ್ನಕ್ಕೆ ಎಣ್ಣೆ ತೆಳುವಾಗಿ ಓಡತೊಡಗುತ್ತದೆ. ಬಿಸಿ ಹವೆಗೆ ಮಂದವಾದ ಬೇರೆ ಎಣ್ಣೆ ಬರುತ್ತದೆ. ನಾನು ತೋಟಗಳಲ್ಲಿ ಮರ ಕೊಯ್ಯುವ ಯಂತ್ರದ ಗರಗಸದ ಚೈನಿಗೆ ಬಳಸುವ ಅಂಟು ಎಣ್ಣೆಯನ್ನು ಕೊಡಗಿನಿಂದ ತಂದು ಹಾಕಿ ನೋಡಿದೆ. ಸಿಡಿಯುವುದು ತಗ್ಗಿತು, ದೂಳು ಅಂಟುವುದು ತಗ್ಗಲಿಲ್ಲ. ಒಣ ಕಾಲದಲ್ಲಿ ನಲ್ಲಿ ಮುಚ್ಚಿ, ವಾರಕ್ಕೊಮ್ಮೆ ತೊಳೆದು, ಗೇರ್ ಆಯಿಲ್ ತೆಳುವಾಗಿ ಸವರಿ, ಚೆನ್ನಾಗಿ ಒರೆಸಿ ಓಡಿಸಿದಾಗ ಚೈನಿನ ಸದ್ದೇ ಬೇರೆ.

ನಮ್ಮ ಕಡೆಯ ಇನ್ನೊಂದು ಪರೀಕ್ಷೆಯನ್ನು ಹೊರದೇಶದ ಯಾವ ಕೈಪಿಡಿಯೂ ಊಹಿಸಿರಲಾರದು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದು ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಎಲ್ಲರೂ ಕಂಡದ್ದೇ. ಕಣ ಮಾಡಲು ಜಾಗವಿಲ್ಲದ, ಕೂಲಿಗೆ ಆಳು ಸಿಗದ ರೈತರ ಕಷ್ಟ ನನಗೆ ಗೊತ್ತು. ಆದರೆ ಹುರುಳಿ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಸ್ಪ್ರಾಕೆಟ್‌ವರೆಗೆ ಬಂದರೆ, ಸಾಧನದ ಕೊಳವೆಯ ತುದಿ ಮೊದಲು ಬಲಿಯಾಗುತ್ತದೆ. ನನ್ನದು ಹಾಗೆ ತಿರುಚಿಕೊಂಡು ಎಣ್ಣೆಯನ್ನೆಲ್ಲ ಸ್ವಿಂಗ್ ಆರ್ಮ್ ಮೇಲೆ ಸುರಿಸಿತು. ಮಂಡಿ ಮೊಹಲ್ಲಾದಲ್ಲಿ ನಾನು ನೆಚ್ಚಿಕೊಂಡಿರುವ ಹಿರಿಯ ಮೆಕ್ಯಾನಿಕ್ ಕಬ್ಬಿಣದ ಪಟ್ಟಿಯಿಂದ ಗಟ್ಟಿಯಾದ ಹಿಡಿಕೆ ಮಾಡಿ ಕೂರಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಬಳ್ಳಿ ಹರಡಿದ ಕಡೆ ದಾಟಿದ ಮೇಲೆ ಬೈಕು ನಿಲ್ಲಿಸಿ ಒಮ್ಮೆ ಬಗ್ಗಿ ನೋಡುವುದು, ಸಾಧನ ಇದ್ದರೂ ಇಲ್ಲದಿದ್ದರೂ, ಅಗತ್ಯ.

ಚೈನ್ ಮುಗಿದಿದೆಯೇ ಎಂದು ನೋಡುವ ಕ್ರಮ ತೋರಿಸಿಕೊಟ್ಟವರೂ ಆ ಮೆಕ್ಯಾನಿಕ್ಕೇ. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. “ಹಲ್ಲು ಅರ್ಧ ಕಾಣಿಸಿದರೆ ಕಿಟ್ ಬದಲಾಯಿಸಿ ಸಾರ್, ಚೈನ್ ಒಂದನ್ನೇ ಹಾಕಿಸಬೇಡಿ. ಹಳೆಯ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿಂದುಹಾಕುತ್ತದೆ” ಎಂದರು. ಈ ಪರೀಕ್ಷೆಯ ಪ್ರಕಾರ ಸಾಧನದ ಕಿಟ್ ಮೊದಲ ಕಿಟ್‌ಗಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ದೂರ ಬಂತು. ಆಯಸ್ಸು ಹಲವು ಪಟ್ಟು ಹೆಚ್ಚುತ್ತದೆ ಎಂಬ ಪ್ರಚಾರದ ಹತ್ತಿರಕ್ಕೂ ಇದು ಬರುವುದಿಲ್ಲ. ಎಣ್ಣೆಯನ್ನೇ ಕಾಣದ ಚೈನಿನೊಂದಿಗೆ ಹೋಲಿಸಿದರೆ ಆ ಪ್ರಚಾರ ನಿಜವಿರಬಹುದು. ನನ್ನ ಹೋಲಿಕೆ ಚೆನ್ನಾಗಿ ನೋಡಿಕೊಂಡ ಚೈನಿನೊಂದಿಗೆ.

ಇಲ್ಲಿ ಮೈಸೂರಿನವನಾಗಿ ಒಂದು ಮಾತು ಹೇಳಲೇಬೇಕು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಬೈಕುಗಳಲ್ಲಿ ಚೈನು ಪೂರ್ತಿ ಮುಚ್ಚಿದ ಕವಚದೊಳಗಿತ್ತು, ಮುಂದಕ್ಕೆ ಚೈನನ್ನು ಸುತ್ತಿ ಮುಚ್ಚುವ ರಬ್ಬರಿನ ತೋಳುಗಳಿದ್ದವು. ದೂಳೂ ಇಲ್ಲ, ನೀರೂ ಇಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಬೈಕುಗಳು ಇಂದಿಗೂ ಊರಿನ ಬೀದಿಗಳಲ್ಲಿ ಓಡುತ್ತಿವೆ. ನಮ್ಮ ಮನೆಯಲ್ಲಿರುವ 100 ಸಿಸಿಯ ಬೈಕಿಗೂ ಪೂರ್ಣ ಕವಚವಿದೆ, ಅದರ ಚೈನು ಕೇಳುವ ಆರೈಕೆ ನನ್ನ ದೊಡ್ಡ ಬೈಕಿನದರ ಕಾಲುಭಾಗವೂ ಇಲ್ಲ. ಚಕ್ರ ಬಿಚ್ಚುವುದು ಸ್ವಲ್ಪ ಕಷ್ಟವಾಗುತ್ತದೆ ಎಂಬುದು ನಿಜ. ಆದರೂ ದೊಡ್ಡ ಬೈಕುಗಳಲ್ಲಿ ಅಂದಕ್ಕಾಗಿ ಚೈನನ್ನು ಬೆತ್ತಲೆ ಬಿಟ್ಟು, ಅದರ ಭಾರವನ್ನು ಸವಾರನ ಮೇಲೆ ಹಾಕಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಖರ್ಚಿನ ವಿಚಾರ. ಹೊರಗಿನಿಂದ ತರಿಸಿದ್ದರಿಂದ ಸುಂಕ ಸೇರಿ ಸಾಧನಕ್ಕೆ ಎರಡು ಚೈನ್ ಕಿಟ್‌ಗಿಂತ ಹೆಚ್ಚು ಬಿತ್ತು. ಕಿಟ್ ಉಳಿಸುವ ಲೆಕ್ಕದಲ್ಲಿ ಆ ಹಣ ಹಿಂದಿರುಗಲು ಬಹಳ ಕಾಲ ಬೇಕು. ಅಷ್ಟು ಕೊಡಲಾಗದವರು ಕೈಯಿಂದ ಒತ್ತಿ ಎಣ್ಣೆ ಬಿಡುವ ಸರಳ ಬಾಟಲಿ ಮಾದರಿಯನ್ನು ನೋಡಬಹುದು. ನಿರ್ವಾತವೂ ಇಲ್ಲ, ಕವಾಟವೂ ಇಲ್ಲ. ಹೊರಡುವ ಮುನ್ನ ಒಮ್ಮೆ ಒತ್ತಿದರೆ ಆಯಿತು. ಕೊಳ್ಳುವವರು ತಮ್ಮ ಬೈಕಿನ ಥ್ರಾಟಲ್ ಬಾಡಿಯಲ್ಲಿ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ನಿರ್ವಾತ ತೆಗೆಯಲು ಜಾಗವಿದೆಯೇ ಎಂದು ಮೊದಲು ವಿಚಾರಿಸಬೇಕು. ವಾರಂಟಿ ಇನ್ನೂ ಇದ್ದರೆ ಅಲ್ಲಿ ಕೈಹಾಕುವ ಮುನ್ನ ಷೋರೂಮಿನಲ್ಲಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಜೋಡಿಸಿದ ಮೇಲೆ ಮೊದಲ ಕೆಲವು ದಿನ ಮನೆಗೆ ಬಂದ ಕೂಡಲೇ ಹಿಂದಿನ ಟೈರಿನ ಚೈನ್ ಕಡೆಯ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಎಣ್ಣೆ ಹತ್ತಿದರೆ ಹನಿ ಇನ್ನೂ ತಗ್ಗಿಸಬೇಕು.