ಥಿಂಕ್‌ಪ್ಯಾಡ್ ಟಿ480: ಕರೆಂಟ್ ಹೋದರೂ ಕೆಲಸ ನಿಲ್ಲಿಸದ ಹಳೆ ಮಷಿನ್

ಕರೆಂಟ್ ಹೋಗಿದೆ, ಕೂಲರ್ ನಿಂತಿದೆ, ಲ್ಯಾಪ್‌ಟಾಪಿನ ಹೊರಗಿನ ಬ್ಯಾಟರಿ ಮುಗಿಯುತ್ತಾ ಬಂದಿದೆ, ಅರ್ಧ ಬರೆದ ಫೈಲ್ ಪರದೆ ಮೇಲೆ ಹಾಗೇ ಇದೆ. ಲೆನೊವೊದ 2018ರ ಟಿ480ನಲ್ಲಿ ಬಂದ್ ಮಾಡುವ ಗಡಿಬಿಡಿ ಬೇಕಿಲ್ಲ. ಮಷಿನ್ ಮೆಲ್ಲಗೆ ವಾಲಿಸಿ, ತಳದ ಎರಡು ಲ್ಯಾಚ್ ಸರಿಸಿ, ಖಾಲಿ ಬ್ಯಾಟರಿ ಎಳೆದು, ತುಂಬಿದ್ದನ್ನು ತಳ್ಳಿದರೆ ‘ಟಕ್’ ಅಂತ ಕೂರುತ್ತದೆ. ಅಷ್ಟು ಹೊತ್ತು ಒಳಗಿರುವ 24 ವ್ಯಾಟ್-ಅವರ್‌ನ (ಬ್ಯಾಟರಿ ಹಿಡಿಸುವ ಶಕ್ತಿಯ ಅಳತೆ) ಸಣ್ಣ ಬ್ಯಾಟರಿ ಮಷಿನ್ ಆರದಂತೆ ನೋಡಿಕೊಳ್ಳುತ್ತದೆ. ಲೆನೊವೊ ಇದಕ್ಕೆ ಪವರ್ ಬ್ರಿಜ್ ಅಂತ ಹೆಸರಿಟ್ಟಿತ್ತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಆ ‘ಟಕ್’ ಸದ್ದಿಗಾಗಿಯೇ ಈ ಲ್ಯಾಪ್‌ಟಾಪ್ ಕೊಳ್ಳಬಹುದು ಅಂದರೆ ಉತ್ಪ್ರೇಕ್ಷೆ ಆಗಲಿಕ್ಕಿಲ್ಲ.

ಹೊರಗಿನ ಬ್ಯಾಟರಿ ಮೂರು ಗಾತ್ರದಲ್ಲಿ ಬರುತ್ತದೆ: 61 ಅಂದರೆ 24 ವ್ಯಾಟ್-ಅವರ್, 61 ಪ್ಲಸ್ ಅಂದರೆ 48, 61 ಪ್ಲಸ್ ಪ್ಲಸ್ ಅಂದರೆ 72. ದೊಡ್ಡದನ್ನು ಹಾಕಿದರೆ ಒಳಗಿನದೂ ಸೇರಿ 96. ಬರೆಯುವುದು, ಲೆಕ್ಕ ಹಾಕುವುದು, ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ಇಷ್ಟೇ ಕೆಲಸವಾದರೆ ಮಷಿನ್ ಗಂಟೆಗೆ ಸುಮಾರು 8 ವ್ಯಾಟ್-ಅವರ್ ತಿನ್ನುತ್ತದೆ. 12 ಗಂಟೆ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ದೊಡ್ಡ ಬ್ಯಾಟರಿ ತಳದಿಂದ ಗೂನು ಬೆನ್ನಿನ ಹಾಗೆ ಹೊರಗೆ ಬರುತ್ತದೆ, ಚೀಲದಲ್ಲಿ ಭಾರ, ನೋಡಲಿಕ್ಕೂ ಚಂದ ಅಲ್ಲ. ಆದರೆ ಆ ಗೂನಿನಿಂದಲೇ ಹಿಂಭಾಗ ಎತ್ತರವಾಗಿ ತಳದಲ್ಲಿ ಗಾಳಿ ಆಡುತ್ತದೆ. ನಮ್ಮ ಬೇಸಿಗೆಗೆ ಅದು ಪುಕ್ಕಟೆ ಸಿಕ್ಕ ಸ್ಟ್ಯಾಂಡ್.

ಈ ಕರಿ ಡಬ್ಬಿಗೆ ಇಷ್ಟೊಂದು ಭಕ್ತರು ಯಾಕೆ ಅಂತ ಹೊಸಬರು ಕೇಳುತ್ತಾರೆ. 1992ರಲ್ಲಿ ಐಬಿಎಂ ಮೊದಲ ಥಿಂಕ್‌ಪ್ಯಾಡ್‌ಗಳನ್ನು ಬಿಟ್ಟಾಗ ರಿಚರ್ಡ್ ಸಾಪರ್ ಅನ್ನುವ ವಿನ್ಯಾಸಕಾರ ಜಪಾನಿನ ಬೆಂಟೊ ಊಟದ ಡಬ್ಬಿಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದ: ಹೊರಗೆ ಕಪ್ಪು, ಸಾದಾ, ತೆರೆದಾಗಷ್ಟೇ ಒಳಗಿನ ಐಶ್ವರ್ಯ. 2005ರಲ್ಲಿ ಐಬಿಎಂನ ಪಿಸಿ ವಿಭಾಗ ಲೆನೊವೊ ಕೈಗೆ ಬಂತು, ಡಬ್ಬಿ ಮಾತ್ರ ಹಾಗೇ ಉಳಿಯಿತು. ಆದರೆ ಚಂದ ನೋಡಿ ಬಂದ ಭಕ್ತಿ ಅಲ್ಲ ಇದು. ಈ ಅಭಿಮಾನಿಗಳು ಕಂಪನಿ ಜೊತೆ ಜಗಳ ಆಡುವವರು. 2013ರ ಟಿ440ಯಲ್ಲಿ ಕೀಬೋರ್ಡ್ ನಡುವೆ ಬಾಣ ಸರಿಸಲಿಕ್ಕೆ ಇರುವ ಕೆಂಪು ಗುಂಡಿ, ಅಂದರೆ ಟ್ರ್ಯಾಕ್‌ಪಾಯಿಂಟಿನ ಮೂರು ಬಟನ್ ತೆಗೆದು ಟಚ್‌ಪ್ಯಾಡಿನೊಳಗೆ ಸೇರಿಸಿದರು, ಜನ ಸಿಟ್ಟಾದರು, 2015ರ ಟಿ450ಯಲ್ಲಿ ಬಟನ್ ವಾಪಸ್ ಬಂದವು. 2017ರಲ್ಲಿ, 25ನೇ ವರ್ಷಕ್ಕೆ, ಹಳೆಯ ಏಳು ಸಾಲಿನ ಕೀಬೋರ್ಡ್ ಹಾಕಿ ಒಂದು ವಿಶೇಷ ಮಾಡೆಲ್ ಬಿಟ್ಟರು. ಹೇಳಿದ್ದನ್ನು ಕಂಪನಿ ಕೇಳುತ್ತದೆ ಅಂತ ಗೊತ್ತಾದರೆ ಗಿರಾಕಿ ಸುಲಭಕ್ಕೆ ಬಿಟ್ಟು ಹೋಗೋದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೆಕ್ಯಾನಿಕ್‌ಗೆ ಕೊಡುವ ರಿಪೇರಿ ಪುಸ್ತಕವನ್ನೇ, ಯಾವ ಭಾಗ ಯಾವ ಕ್ರಮದಲ್ಲಿ ಬಿಚ್ಚಬೇಕು ಅನ್ನುವ ಚಿತ್ರಗಳ ಸಮೇತ, ಲೆನೊವೊ ತನ್ನ ಜಾಲತಾಣದಲ್ಲಿ ಎಲ್ಲರಿಗೂ ಪುಕ್ಕಟೆ ಇಟ್ಟಿದೆ.

ಆ ಪುಸ್ತಕ ನಮ್ಮ ಕಲಬುರಗಿ ಕಡೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಎರೆಮಣ್ಣಿನ ಧೂಳು, ದಾಲ್ ಮಿಲ್ ಹತ್ತಿರ ಇದ್ದರೆ ತೊಗರಿ ಹೊಟ್ಟಿನ ಪುಡಿ, ಶಹಾಬಾದ್, ವಾಡಿ ಕಡೆ ಇದ್ದರೆ ಪರಸಿ ಕಲ್ಲಿನ ಬಿಳಿ ಹುಡಿ. ಮೂರು ತಿಂಗಳಿಗೊಮ್ಮೆ ಒಳಗೆ ನೋಡದಿದ್ದರೆ ಫ್ಯಾನಿನ ಮುಂದಿನ ತಾಮ್ರದ ಫಿನ್‌ಗಳು ಕಂಬಳಿ ಹೊದ್ದಿರುತ್ತವೆ, ಮಷಿನ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕೂಲರಿನ ಎದುರಿಗೆ ಮಾತ್ರ ಇಡಬೇಡಿ. ತೇವದ ಗಾಳಿ ಬಡಿದ ಧೂಳು ಉದುರೋದಿಲ್ಲ, ಕೆಸರಿನಂತೆ ಮೆತ್ತಿಕೊಳ್ಳುತ್ತದೆ.

ಸ್ವಚ್ಛ ಮಾಡುವ ಕ್ರಮ ಹೀಗೆ. ಚಾರ್ಜರ್ ತೆಗೆದು, ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ತೆರೆಯುವ ಮಷಿನ್‌ನ ಸೆಟ್ಟಿಂಗ್‌ಗೆ, ಹೋಗಿ. ಕಾನ್ಫಿಗ್, ಅದರೊಳಗೆ ಪವರ್, ಅದರೊಳಗೆ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ. ಯೆಸ್ ಅಂದರೆ ಮಷಿನ್ ಆರುತ್ತದೆ, ಒಳಗಿನ ಬ್ಯಾಟರಿ ಮಲಗುತ್ತದೆ. ಈ ಹೆಜ್ಜೆ ಬಿಟ್ಟು ಸ್ಕ್ರೂ ಡ್ರೈವರ್ ಹಿಡಿದವರು ಮದರ್‌ಬೋರ್ಡ್ ಶಾರ್ಟ್ ಮಾಡಿಕೊಳ್ಳುತ್ತಾರೆ. ಹೊರಗಿನ ಬ್ಯಾಟರಿ ತೆಗೆದು ತಳದ ಸ್ಕ್ರೂ ಸಡಿಲಿಸಿ. ಅವು ಮುಚ್ಚಳಕ್ಕೇ ಅಂಟಿಕೊಂಡು ಇರುತ್ತವೆ, ಮಂಚದ ಕೆಳಗೆ ಹುಡುಕುವ ಕೆಲಸ ಇಲ್ಲ. ಅಂಚಿನ ಕ್ಲಿಪ್‌ಗಳನ್ನು ಹಳೆ ಎಟಿಎಂ ಕಾರ್ಡಿನಿಂದ ಬಿಡಿಸಿ. ಉಳಿ ಹಾಕಿ ಮೀಟಿದರೆ ಕ್ಲಿಪ್ ಮುರಿಯುತ್ತದೆ. ಫ್ಯಾನಿನ ರೆಕ್ಕೆಗೆ ಹಲ್ಲುಕಡ್ಡಿ ಸಿಕ್ಕಿಸಿ ತಿರುಗದಂತೆ ಹಿಡಿದು, ಆಮೇಲೆ ಬ್ರಷ್, ಬ್ಲೋವರ್. ಹಾಗೇ ಗಾಳಿ ಬಿಟ್ಟರೆ ಫ್ಯಾನ್ ಗಿರ್ ಅಂತ ತಿರುಗಿ ಬೇರಿಂಗ್ ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ: ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದು ಒಂದು ಜೋಳದ ಕಾಳಿನಷ್ಟು. ತೊಗರಿ ಕಾಳಿನಷ್ಟು ಹಾಕಿದರೆ ಹೆಚ್ಚಾಯಿತು. ಎಲ್ಲ ಮುಚ್ಚಿ ಚಾರ್ಜರ್ ಚುಚ್ಚಿದಾಗ ಒಳಗಿನ ಬ್ಯಾಟರಿ ತಾನೇ ಏಳುತ್ತದೆ. ಚುಚ್ಚದೆ ಬಟನ್ ಒತ್ತಿ, ಮಷಿನ್ ಸತ್ತಿತು ಅಂತ ಅಂಗಡಿಗೆ ಓಡುವವರು ಬಹಳ.

ಕನ್ನಡ ಬರೆಯುವವರಿಗೆ ಕೀಬೋರ್ಡಿನ ಬಗ್ಗೆ ಒಂದು ಮಾತು. ನುಡಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀ. ‘ಅಕ್ಕ’ ಬರೆಯಲಿಕ್ಕೂ ಎಫ್, ‘ಜಿಲ್ಲಾಧಿಕಾರಿ’ ಬರೆಯಲಿಕ್ಕೂ ಎಫ್. ದಿನಕ್ಕೆ ಹತ್ತು ಪುಟ ಹೊಡೆಯುವ ಕಡೆ ಮೊದಲು ಮಿರುಗುವುದು ಆ ಕೀಯೇ. ಇಲ್ಲಿ ಕೀ ಒತ್ತಿದಾಗ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಒತ್ತು ತಪ್ಪೋದು ಕಡಿಮೆ. ತಪ್ಪಿದರೂ ತೋರುಬೆರಳು ಜಿ ಮತ್ತು ಎಚ್ ನಡುವಿನ ಕೆಂಪು ಟ್ರ್ಯಾಕ್‌ಪಾಯಿಂಟಿಗೆ ಜಾರಿದರೆ ಸಾಕು, ಕೈ ಎತ್ತದೆ ಬಾಣ ತಪ್ಪಿದ ಜಾಗಕ್ಕೆ ಹೋಗುತ್ತದೆ. ಒಮ್ಮೊಮ್ಮೆ ಬಾಣ ತಾನೇ ತೇಲಿಕೊಂಡು ಹೋಗುತ್ತದೆ. ಕೆಟ್ಟಿದೆ ಅಂತ ತಿಳಿಯಬೇಡಿ, ಎರಡು ಕ್ಷಣ ಬೆರಳು ತೆಗೆಯಿರಿ, ಅದೇ ಸರಿಪಡಿಸಿಕೊಳ್ಳುತ್ತದೆ. ಬೇಸಿಗೆಯ ಬೆವರಿಗೆ ಕೆಂಪು ಟೋಪಿ ನುಣುಪಾದಾಗ ಕಿತ್ತು, ಸೋಪು ನೀರಲ್ಲಿ ತೊಳೆದು, ಒಣಗಿಸಿ ಒತ್ತಿ. ಹೊಸದು ತರುವಾಗ ಹಳೆ ಮಾಡೆಲ್‌ಗಳ ಎತ್ತರದ ಟೋಪಿ ತರಬೇಡಿ. ಮುಚ್ಚಿದಾಗ ಪರದೆಗೆ ಗುರುತು ಬೀಳುತ್ತದೆ.

ಇಲ್ಲಿಂದ ಮುಂದೆ ಹೊಗಳಿಕೆ ಕಷ್ಟ.

ಟಿ470ವರೆಗೆ ಲೆನೊವೊದ ಚೌಕ ಪಿನ್ನಿನ ಚಾರ್ಜರಿಗೂ ಜಾಗ ಇತ್ತು. ಟಿ480ನಲ್ಲಿ ಅದನ್ನು ತೆಗೆದು ಎರಡು ಯುಎಸ್‌ಬಿ-ಸಿ ಮಾತ್ರ ಉಳಿಸಿದರು. ಎರಡೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿದಂಥವು. ಬ್ಯಾಟರಿ, ಕೀಬೋರ್ಡ್, ರ‍್ಯಾಮ್, ಫ್ಯಾನ್ ಎಲ್ಲ ಬದಲಿಸಲಿಕ್ಕೆ ಬರುವ ಮಷಿನ್‌ನಲ್ಲಿ ದಿನಕ್ಕೆ ನಾಲ್ಕು ಸಲ ಕಿತ್ತು ಚುಚ್ಚುವ ಭಾಗ ಮಾತ್ರ ಸುಲಭಕ್ಕೆ ಬದಲಿಸಲಿಕ್ಕೆ ಬರೋದಿಲ್ಲ! ಇದಕ್ಕಿಂತ ಕೆಟ್ಟದ್ದು ಯುಎಸ್‌ಬಿ-ಸಿ ಹಿಂದೆ ಕೆಲಸ ಮಾಡುವ ಥಂಡರ್‌ಬೋಲ್ಟ್ ಚಿಪ್ಪಿನ ಕಥೆ. ಆರಂಭದ ಫರ್ಮ್‌ವೇರಿನಲ್ಲಿ (ಚಿಪ್ಪಿನೊಳಗೇ ಇರುವ ಸಾಫ್ಟ್‌ವೇರ್) ದೋಷ ಇತ್ತು ಅಂತ ಲೆನೊವೊವೇ ಪ್ರಕಟಣೆ ಹೊರಡಿಸಿ, ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು. ಅಪ್‌ಡೇಟ್ ಹಾಕದ ಮಷಿನ್‌ಗಳಲ್ಲಿ ಯುಎಸ್‌ಬಿ-ಸಿ ಚಾರ್ಜ್ ನಿಲ್ಲುವುದು, ಎಚ್‌ಡಿಎಂಐಯಿಂದ ಪ್ರೊಜೆಕ್ಟರ್‌ಗೆ ಚಿತ್ರ ಹೋಗದಿರುವುದು, ಮಾನಿಟರ್, ಮೌಸ್ ಎಲ್ಲ ಒಂದೇ ವೈರಿನಲ್ಲಿ ಜೋಡಿಸುವ ಡಾಕ್ ಕೆಲಸ ಮಾಡದಿರುವುದು, ಆನ್ ಮಾಡಿದಾಗ ಥಂಡರ್‌ಬೋಲ್ಟ್ ಎರರ್ ಬಂದು ನಿಲ್ಲುವುದು, ಇವೆಲ್ಲ ಕಾಣಬಹುದು. ಪೂರ್ತಿ ಕೆಟ್ಟ ಮೇಲೆ ಅಪ್‌ಡೇಟ್ ಹತ್ತದೆಯೂ ಇರಬಹುದು. ಆಗ ಮದರ್‌ಬೋರ್ಡ್ ಬದಲಿಸಬೇಕು, ಇಲ್ಲವೇ ಸಿಎಚ್341ಎ ಅನ್ನುವ ಅಗ್ಗದ ಪ್ರೋಗ್ರಾಮರ್ ಕ್ಲಿಪ್ ಹಾಕಿ ಆ ಚಿಪ್ಪಿಗೆ ಹೊಸ ಫರ್ಮ್‌ವೇರ್ ಬರೆಯಬೇಕು. ಮೊಬೈಲ್ ಬೋರ್ಡ್ ರಿಪೇರಿ ಮಾಡುವ ಕೈ ಇದ್ದವರು ಮಾಡಬಲ್ಲರು. ಆದ್ದರಿಂದ ಹಳೆ ಟಿ480 ಮನೆಗೆ ಬಂದ ದಿನ ಮೊದಲ ಕೆಲಸ ವಾಲ್‌ಪೇಪರ್ ಹಾಕೋದಲ್ಲ, ಕಂಪನಿಯದೇ ಆ್ಯಪ್ ಲೆನೊವೊ ವ್ಯಾಂಟೇಜ್ ಇಳಿಸಿಕೊಂಡು ಬಯೋಸ್, ಥಂಡರ್‌ಬೋಲ್ಟ್ ಎರಡನ್ನೂ ಅಪ್‌ಡೇಟ್ ಮಾಡೋದು. ಆ ಹೊತ್ತಿಗೆ ಎರಡೂ ಬ್ಯಾಟರಿ ತುಂಬಿರಲಿ, ಚಾರ್ಜರ್ ಚುಚ್ಚಿರಲಿ.

ಪರದೆ ಬಗ್ಗೆ ಬಹಳ ಹೇಳೋದಿಲ್ಲ. ಸಾಮಾನ್ಯ ಫುಲ್ ಎಚ್‌ಡಿ ಪರದೆಯ ಹೊಳಪು 250 ನಿಟ್. ಕಿಟಕಿ ತೆರೆದ ಕೋಣೆಯಲ್ಲಿ ಮಧ್ಯಾಹ್ನ ಅಕ್ಷರಕ್ಕಿಂತ ನಿಮ್ಮ ಮುಖವೇ ಚೆನ್ನಾಗಿ ಕಾಣುತ್ತದೆ. ಬಣ್ಣಗಳೂ ಸಪ್ಪೆ, ಫೋಟೊ ಮತ್ತು ಫ್ಲೆಕ್ಸ್ ವಿನ್ಯಾಸದವರು ಇದರ ತಂಟೆಗೆ ಹೋಗಬೇಡಿ. 30 ಪಿನ್‌ನ 400 ನಿಟ್ ಪರದೆ ತರಿಸಿ ಹಾಕಿಕೊಳ್ಳಬಹುದು, ಅರ್ಧ ಗಂಟೆಯ ಕೆಲಸ. ಆದರೆ 20 ಸಾವಿರದ ಆಸುಪಾಸಿನ ಮಷಿನ್‌ಗೆ ಹೊಸ ಪರದೆ, ಹೊಸ ಬ್ಯಾಟರಿ, ಹೊಸ ಎಸ್‌ಎಸ್‌ಡಿ ಅಂತ ಸೇರಿಸುತ್ತಾ ಹೋದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಬೇಸರ ತರಿಸುವುದು ಮಾತ್ರ ಬೇರೆ ವಿಷಯ. 2019ರ ಟಿ490ಯಲ್ಲಿ ಹೊರಗಿನ ಬ್ಯಾಟರಿಯನ್ನೇ ತೆಗೆದರು, ರ‍್ಯಾಮ್‌ನ ಎರಡು ಜಾಗದಲ್ಲಿ ಒಂದು ಉಳಿಸಿ ಉಳಿದದ್ದನ್ನು ಬೋರ್ಡಿಗೆ ಬೆಸೆದರು. ಮಷಿನ್ ತೆಳ್ಳಗಾಯಿತು. ಬಟನ್ ವಾಪಸ್ ಕೊಟ್ಟ ಕಂಪನಿ ಬ್ಯಾಟರಿಯನ್ನು ವಾಪಸ್ ಕೊಡಲಿಲ್ಲ. ಹೀಗಾಗಿ ಅಭಿಮಾನಿಗಳು ಹೊಸದನ್ನು ಕೊಳ್ಳದೆ 2018ರ ಮಾಡೆಲ್ಲಿಗೇ ಜೋತು ಬಿದ್ದಿದ್ದಾರೆ. ಇದನ್ನು ನಿಷ್ಠೆ ಅನ್ನಬೇಕೋ ಮುನಿಸು ಅನ್ನಬೇಕೋ. ಜೋತು ಬೀಳಲಿಕ್ಕೆ ಇನ್ನೊಂದು ಕಾರಣವೂ ಇದೆ: ಇದರ ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರಿಗೆ ನಾಲ್ಕು ಕೋರ್, ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. ಹಿಂದಿನ ಟಿ470ಗೆ ಎರಡೇ ಕೋರ್, ವಿಂಡೋಸ್ 11ರ ಪಟ್ಟಿಯಲ್ಲೂ ಅದು ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎರಡು ಸಾವಿರ ಉಳಿಯುತ್ತದೆ ಅಂತ ಟಿ470 ತರಬೇಡಿ.

ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಹೋಗಿ ತರುವವರು ದುಡ್ಡು ಕೊಡುವ ಮೊದಲು ಹದಿನೈದು ನಿಮಿಷ ನಿಂತು ನೋಡಬೇಕು. ಎಫ್1 ಒತ್ತಿ: ಪಾಸ್‌ವರ್ಡ್ ಕೇಳಿದರೆ ಅದು ಹಳೆ ಆಫೀಸಿನ ಸೂಪರ್‌ವೈಸರ್ ಪಾಸ್‌ವರ್ಡ್, ಮದರ್‌ಬೋರ್ಡಿನ ಸಣ್ಣ ಸೆಲ್ ತೆಗೆದು ಹಾಕಿದರೆ ಹೋಗೋದಿಲ್ಲ, ಅಲ್ಲೇ ಬಿಟ್ಟು ಬನ್ನಿ. ಎರಡೂ ಯುಎಸ್‌ಬಿ-ಸಿಯಲ್ಲಿ ಚಾರ್ಜರ್ ಚುಚ್ಚಿ ಸ್ವಲ್ಪ ಅಲುಗಾಡಿಸಿ, ಚಾರ್ಜ್ ಕಡಿಯಬಾರದು. ಎಚ್‌ಡಿಎಂಐಗೆ ಅಂಗಡಿಯ ಮಾನಿಟರ್ ಹಾಕಿ ನೋಡಿ. ಕೊನೆಗೆ ಚಾರ್ಜರ್ ಕಿತ್ತು, ಹೊರಗಿನ ಬ್ಯಾಟರಿಯನ್ನೂ ಎಳೆಯಿರಿ. ಮಷಿನ್ ತಕ್ಷಣ ಆರಿದರೆ ಒಳಗಿನ ಬ್ಯಾಟರಿ ಸತ್ತಿದೆ ಅಂತ ಅರ್ಥ. ಮಾರುವವರು ಇದನ್ನು ಹೇಳೋದಿಲ್ಲ, ಹೊರಗಿನದು ಇರುವ ತನಕ ಗೊತ್ತೂ ಆಗೋದಿಲ್ಲ. ಆಗ ಈ ಮಷಿನ್‌ನ ‘ಟಕ್’ ಸುಖವೇ ಇಲ್ಲ.

ಹೊರಗಿನ ಬ್ಯಾಟರಿಯಲ್ಲಿ ನಕಲಿ ಬಹಳ. ಲೇಬಲ್ ಮೇಲೆ 72 ಅಂತ ಬರೆಯಲಿಕ್ಕೆ ಖರ್ಚಿಲ್ಲ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಶಕ್ತಿ) ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗ ಹಿಡಿಸುವುದು) ಎದುರುಬದುರು ಇಟ್ಟು ನೋಡಿ, ಆಮೇಲೆ ಒಮ್ಮೆ ತುಂಬಿಸಿ ಖಾಲಿ ಮಾಡಿ ಗಂಟೆ ಎಣಿಸಿ. ದಿನವಿಡೀ ಚಾರ್ಜರ್ ಚುಚ್ಚಿಟ್ಟೇ ಕೆಲಸ ಮಾಡುವ ಕಡೆ ವ್ಯಾಂಟೇಜ್‌ನಲ್ಲಿ ಚಾರ್ಜ್ ಶೇಕಡಾ 75ಕ್ಕೆ ಶುರುವಾಗಿ 80ಕ್ಕೆ ನಿಲ್ಲುವಂತೆ ಎರಡೂ ಬ್ಯಾಟರಿಗೆ ಹೊಂದಿಸಿ. ಬಿಸಿ ಮತ್ತು ತುಂಬಿದ ಹೊಟ್ಟೆ ಎರಡೂ ಸೇರಿದರೆ ಲಿಥಿಯಂ ಬೇಗ ಮುದಿಯಾಗುತ್ತದೆ. ಕರೆಂಟ್ ಹೋಗುವ ಸೂಚನೆ ಪೇಪರಿನಲ್ಲಿ ಬಂದ ದಿನ ಮಾತ್ರ 100ಕ್ಕೆ ಏರಿಸಿಕೊಳ್ಳಿ. ಹೆಚ್ಚುವರಿ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಕೆಳಮನೆಯ ತಂಪು ಕಪಾಟಿನಲ್ಲಿ ಇಡಿ. ಬೇಸಿಗೆಯಲ್ಲಿ ಮಾಳಿಗೆಯ ತಗಡಿನ ಕೋಣೆಯಲ್ಲೋ ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲೋ ಬಿಟ್ಟರೆ ಅದು ಬೇಗ ಕೆಡುತ್ತದೆ, ಉಬ್ಬಲೂಬಹುದು. ಉಬ್ಬಿದ್ದನ್ನು ಒತ್ತಿ ಕೂರಿಸಲಿಕ್ಕೆ ಹೋಗಬೇಡಿ.