ಆರಿಸೇಗ್‌ನ ಬಿಳಿ ಮರಳೋ, ಕ್ರೇಲ್‌ನ ಕಡಿದಾದ ಮೆಟ್ಟಿಲೋ: ಸ್ಕಾಟ್ಲೆಂಡ್ ಕಡಲಂಚಿನಲ್ಲಿ ಒಂದು ವಾರದ ಬಾಡಿಗೆ ಮನೆ

ಬ್ರಿಟನ್ನಿನಲ್ಲೇ ಇದ್ದು ರಜೆಗೆ ಬಾಡಿಗೆ ಮನೆ ಹುಡುಕುವ ಕನ್ನಡಿಗರಿಗಾಗಿ, ಎರಡೂ ಕಡೆ ಬೇಸಿಗೆಯಲ್ಲಿ ಒಂದೊಂದು ವಾರ ಇದ್ದು ನೋಡಿದ ಮೇಲೆ ಬರೆಯುತ್ತಿರುವುದು, ಹಾಗಾಗಿ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಆಗಸ್ಟ್ ಒಳಗೆ ಹೋಗುವುದಾದರೆ ನನ್ನ ಓಟು ಪೂರ್ವ ಕರಾವಳಿಗೆ: ಫೈಫ್ ಪ್ರಾಂತ್ಯದ ಈಸ್ಟ್ ನ್ಯೂಕ್ ಎಂಬ ಮೂಲೆಯಲ್ಲಿರುವ ಕ್ರೇಲ್, ಆನ್‌ಸ್ಟ್ರದರ್, ಪಿಟನ್‌ವೀಮ್, ಸೇಂಟ್ ಮೊನಾನ್ಸ್, ಈಲಿ. ಫೋಟೋದಲ್ಲಿ ಗೆಲ್ಲುವುದು ಮಾತ್ರ ಪಶ್ಚಿಮದ ಆರಿಸೇಗ್, ಮೋರಾರ್, ಮಲೇಗ್. ಕ್ಯಾಮಸ್‌ದರಾಖ್‌ನ ಬಿಳಿ ಮರಳು, ಎದುರಿಗೆ ಎಗ್ ಮತ್ತು ರಮ್ ದ್ವೀಪಗಳು, ಆಚೆ ಸ್ಕೈ ದ್ವೀಪದ ಬೆಟ್ಟಸಾಲು. ಇಷ್ಟು ನೋಡಿ ಜುಲೈಗೆ ಮುಂಗಡ ಕಟ್ಟಿದವರು ಎಡವುವುದು ಒಂದೇ ಕಡೆ.

ಮಿಜ್. ನಮ್ಮ ನೊರಜಿನ ಜಾತಿ, ಆದರೆ ಕಚ್ಚುತ್ತದೆ. ರೆಕ್ಕೆ ಸುಮಾರು ಒಂದೂವರೆ ಮಿಲಿಮೀಟರ್. ಊರಿಂದ ತಂದ ಸೊಳ್ಳೆಪರದೆಯ ಕಣ್ಣಲ್ಲಿ ಆರಾಮಾಗಿ ನುಸುಳಿ ಬರುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇದರ ಕಾಲ. ಬೆಳಗಿನ ಜಾವ ಮತ್ತು ಸಂಜೆ ಹೆಚ್ಚು ಎನ್ನುತ್ತಾರೆ, ನಿಜವೇ. ಆದರೆ ಮೋಡ ಕವಿದು, ಗಾಳಿ ನಿಂತು, ನೆಲ ತೇವವಾಗಿದ್ದರೆ ಮಧ್ಯಾಹ್ನ ಎರಡಕ್ಕೂ ಬಿಡುವುದಿಲ್ಲ. ಒಂದೆರಡಲ್ಲ, ಮುಖದ ಸುತ್ತ ಮೋಡದ ಹಾಗೆ ಕವಿಯುತ್ತದೆ. ಕೂದಲ ಬುಡ, ಕಿವಿಯ ಹಿಂದೆ, ಗಡಿಯಾರದ ಪಟ್ಟಿಯ ಅಂಚು, ಇವೇ ಅದರ ಮೆಚ್ಚಿನ ಜಾಗಗಳು.

ಗಾಳಿ ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ದಾಟಿದರೆ ಅದಕ್ಕೆ ಹಾರಲಾಗುವುದಿಲ್ಲ. ಹಾಗಾಗಿ ಮನೆ ಆರಿಸುವಾಗ ಕಣ್ಣಿಡಬೇಕಾದದ್ದು ಮಲಗುವ ಕೋಣೆಗಳ ಲೆಕ್ಕಕ್ಕಲ್ಲ, ಮನೆ ಕೂತ ಜಾಗಕ್ಕೆ. ಜಾಹೀರಾತಿನಲ್ಲಿ ‘ಮರಗಳ ಮರೆಯಲ್ಲಿ’, ‘ಗಾಳಿಯಿಂದ ರಕ್ಷಿತ ಅಂಗಳ’, ‘ಹೊಳೆಯ ಪಕ್ಕದಲ್ಲೇ’ ಎಂದಿದ್ದರೆ ಅದು ಹೊಗಳಿಕೆಯಲ್ಲ, ಎಚ್ಚರಿಕೆ. ಉಪಗ್ರಹ ನಕ್ಷೆ ತೆಗೆದು ನೋಡಿ: ಮನೆಗೂ ಸಮುದ್ರಕ್ಕೂ ನಡುವೆ ಮರವಿರಬಾರದು, ಹಿತ್ತಲಲ್ಲಿ ಜೊಂಡು ಬೆಳೆದ ಜೌಗು ನೆಲ ಇರಬಾರದು. ಆ ಹುಳಿ ಮಣ್ಣಿನ ಜೌಗಿನಲ್ಲೇ ಅದು ಮೊಟ್ಟೆಯಿಡುವುದು. ಬೋಳು ಗುಡ್ಡದ ತುದಿಯಲ್ಲಿ, ಕಡಲಿಗೆ ಮುಖ ಮಾಡಿ ನಿಂತ ಕುರೂಪಿ ಬಂಗಲೆಯೇ ಇಲ್ಲಿ ಜಾಣ ಆಯ್ಕೆ.

ಆಮೇಲೆ ದಿನಚರಿ. ಸಂಜೆ ದೀಪ ಹಾಕುವ ಮುಂಚೆ ಕಿಟಕಿ ಮುಚ್ಚಬೇಕು. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದರಿಂದ ಇದು ಮರೆತೇ ಹೋಗುತ್ತದೆ. ಕಪ್ಪು, ಕಡುನೀಲಿ ಬಟ್ಟೆ ಬೇಡ, ತಿಳಿ ಬಣ್ಣ ಇರಲಿ. ಸ್ಮಿಜ್ ಎಂಬ ಲೋಷನ್ ಕೆಲಸ ಮಾಡುತ್ತದೆ, ಆದರೆ ತೆಳ್ಳಗೆ ಸವರಿದರೆ ಸಾಲದು, ಬೆವರಿದ ಮೇಲೆ ಮತ್ತೆ ಹಚ್ಚಬೇಕು. ತಲೆಗೆ ಹಾಕುವ ಬಲೆಯನ್ನು ಮಿಜ್‌ಗೆಂದೇ ಮಾಡಿದ್ದು ಕೇಳಿ ತೆಗೆದುಕೊಳ್ಳಿ. ಅತಿ ಕೆಟ್ಟ ಗಳಿಗೆ ಎಂದರೆ ಮನೆ ಬಿಡುವ ಶನಿವಾರ ಬೆಳಿಗ್ಗೆ: ಹತ್ತರೊಳಗೆ ಖಾಲಿ ಮಾಡಬೇಕು, ಎರಡೂ ಕೈಯಲ್ಲಿ ಪೆಟ್ಟಿಗೆ, ಕೆರೆದುಕೊಳ್ಳಲು ಮೂರನೇ ಕೈ ಇಲ್ಲ. ಸಾಮಾನನ್ನು ಹಿಂದಿನ ಮಧ್ಯಾಹ್ನವೇ ಗಾಳಿ ಬೀಸುವಾಗ ಕಾರಿಗೆ ತುಂಬಿಡುವುದು ಒಳ್ಳೆಯದು.

ಫೈಫ್‌ನಲ್ಲಿ ಮಿಜ್ ಲೆಕ್ಕಕ್ಕೇ ಇಲ್ಲ. ಒಣ ನೆಲ, ಉಳುವ ಹೊಲ, ಸದಾ ಗಾಳಿ.

ಪೂರ್ವದ ಕಾಟ ಬೇರೆ, ಅದಕ್ಕೆ ಹಾರ್ ಎನ್ನುತ್ತಾರೆ. ಬೆಚ್ಚಗಿನ ಗಾಳಿ ತಣ್ಣನೆಯ ಉತ್ತರ ಸಮುದ್ರದ ಮೇಲೆ ಹಾದು ಬಂದಾಗ ಮಂಜು ಕಟ್ಟಿ ದಡಕ್ಕೆ ಉರುಳಿ ಬರುತ್ತದೆ, ಏಪ್ರಿಲ್‌ನಿಂದ ಬೇಸಿಗೆಯುದ್ದಕ್ಕೂ. ಬಂದರಿನಲ್ಲಿ ಸ್ವೆಟರ್ ಹಾಕಿ ನಡುಗುತ್ತಿರುವಾಗ ಏಳೆಂಟು ಕಿಲೋಮೀಟರ್ ಒಳಗೆ ಚುರುಕು ಬಿಸಿಲು. ಮದ್ದು ಸುಲಭ: ಕೂಪರ್ ಕಡೆಗೋ ಫಾಕ್‌ಲೆಂಡ್ ಅರಮನೆ ಕಡೆಗೋ ಒಳನಾಡಿಗೆ ಹೋಗಿ ಸಂಜೆ ಬನ್ನಿ. ಸೇಂಟ್ ಆಂಡ್ರ್ಯೂಸ್‌ಗೆ ಹೋದರೆ ಅಲ್ಲೂ ಅದೇ ಮಂಜು, ಅದೂ ಕಡಲೂರೇ ತಾನೆ.

ಮಳೆಯಲ್ಲಿ ಪಶ್ಚಿಮಕ್ಕೆ ಫೈಫ್‌ನ ಎರಡು ಪಟ್ಟಿಗಿಂತ ಹೆಚ್ಚು. ಆಗುಂಬೆ ನೋಡಿದವರಿಗೆ ಆ ಅಳತೆ ಏನೂ ಅಲ್ಲ, ಆದರೆ ಇದು ಅಡ್ಡಡ್ಡ ಬೀಸುವ ಜಿನುಗು. ಕೊಡೆ ದಂಡ.

ತಲುಪುವ ವಿಚಾರ. ಕಾರಿಲ್ಲದವರಿಗೆ 2024ರ ಜೂನ್‌ನಲ್ಲಿ ಲೆವೆನ್ ರೈಲು ಮತ್ತೆ ಶುರುವಾದದ್ದು ದೊಡ್ಡ ಅನುಕೂಲ. ಎಡಿನ್‌ಬರಾದಿಂದ ಲೆವೆನ್‌ಗೆ ರೈಲು, ಅಲ್ಲಿಂದ ಈಸ್ಟ್ ನ್ಯೂಕ್ ಊರುಗಳನ್ನು ಹಾದು ಸೇಂಟ್ ಆಂಡ್ರ್ಯೂಸ್‌ಗೆ ಹೋಗುವ 95ನೇ ನಂಬರ್ ಬಸ್. ಊರಿಂದೂರಿಗೆ ಕರಾವಳಿಯ ಕಾಲುದಾರಿಯಲ್ಲಿ ನಡೆದು, ಸುಸ್ತಾದ ಕಡೆ ಬಸ್ ಹತ್ತಿ ಮನೆಗೆ ಬರಬಹುದು. ಪಶ್ಚಿಮಕ್ಕೆ ಗ್ಲಾಸ್ಗೋದಿಂದ ಮಲೇಗ್‌ವರೆಗೆ ರೈಲಿದೆ, ಗ್ಲೆನ್‌ಫಿನ್ನನ್ ಸೇತುವೆ ಮೇಲೆಯೇ ಹೋಗುತ್ತದೆ, ಚೆಂದ. ಆದರೆ ಐದು ಗಂಟೆ ದಾಟುತ್ತದೆ, ದಿನಕ್ಕೆ ಕೆಲವೇ ರೈಲು. ಇಳಿದ ಮೇಲೆ ಹಲವು ಮರಳ ದಂಡೆಗಳಿಗೆ ಮೈಲಿಗಟ್ಟಲೆ ದೂರ, ಕಾರಿಲ್ಲದೆ ಕಷ್ಟ. ಆರಿಸೇಗ್‌ನಿಂದ ಮೋರಾರ್‌ಗೆ ದಂಡೆಗುಂಟ ಹೋಗುವ ಹಳೇ ರಸ್ತೆ ಒಂದೇ ಗಾಡಿಯ ಅಗಲ. ಎದುರು ಗಾಡಿ ಬಂದರೆ ಎಡಕ್ಕಿರುವ ತಂಗುಜಾಗಕ್ಕೆ ಇಳಿಯಿರಿ. ಅದು ಬಲಕ್ಕಿದ್ದರೆ ಅಡ್ಡ ಹೋಗಬೇಡಿ, ಅದರ ನೇರಕ್ಕೆ ನಿಮ್ಮ ಬದಿಯಲ್ಲೇ ನಿಂತರೆ ಎದುರಿನವರು ಸುತ್ತಿ ಹೋಗುತ್ತಾರೆ. ಹಿಂದೆ ಯಾರಾದರೂ ಅವಸರದಲ್ಲಿದ್ದರೂ ಅಲ್ಲೇ ಜಾಗ ಬಿಡಬೇಕು. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವಂತಿಲ್ಲ. ಕುಡಿದು ಓಡಿಸುವ ಮಿತಿಯೂ ಇಂಗ್ಲೆಂಡಿಗಿಂತ ಕಡಿಮೆ: 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ., ಅಲ್ಲಿ 80.

ದಿನಸಿ: ಪಶ್ಚಿಮಕ್ಕೆ ಹೋಗುವವರು ಫೋರ್ಟ್ ವಿಲಿಯಂನಲ್ಲೇ ವಾರದ್ದನ್ನು ತುಂಬಿಕೊಳ್ಳಿ. ಮುಂದೆ ಸಣ್ಣ ಅಂಗಡಿಗಳು ಮಾತ್ರ. ಕೊತ್ತಂಬರಿ, ಹಸಿಮೆಣಸಿನಕಾಯಿ, ಕರಿಬೇವು ಎರಡೂ ಕಡೆಗೂ ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಅಡುಗೆಮನೆ. ನೀರು ಎರಡೂ ಕಡೆ ಮೃದು, ಲಂಡನ್ನಿನ ಗಡಸು ನೀರಿಗೆ ಹೋಲಿಸಿದರೆ ಬೇಳೆ ಬೇಗ ಬೇಯುತ್ತದೆ, ಒಂದು ಕೂಗು ಕಡಿಮೆ ಹಾಕಿಸಿ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಸುಮ್ಮನೆ ಭಾರ. ಮೊದಲೇ ಕೇಳಿಕೊಂಡು, ಬೇಕಿದ್ದರೆ ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಇನ್ನು ಒಗ್ಗರಣೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಮನೆಗಳಲ್ಲಿ ಬೆಂಕಿ ಅಲಾರಂಗಳೆಲ್ಲ ಒಂದಕ್ಕೊಂದು ಕೂಡಿಸಿರಬೇಕು ಎಂಬ ಕಾನೂನಿದೆ. ಅಡುಗೆಮನೆಯಲ್ಲಿರುವುದು ಶಾಖದ ಅಲಾರಂ, ಅದಕ್ಕೆ ಒಗ್ಗರಣೆ ಲೆಕ್ಕವಿಲ್ಲ. ನಡುಮನೆ, ಮೆಟ್ಟಿಲ ಮೇಲಿನವು ಹೊಗೆಯವು. ಅಡುಗೆಮನೆಗೆ ಬಾಗಿಲಿಲ್ಲದ ತೆರೆದ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಘಾಟು ಮಹಡಿಗೆ ಏರಿದ್ದೇ ತಡ, ಇಡೀ ಮನೆಯ ಅಲಾರಂ ಒಟ್ಟಿಗೆ ಅರಚುತ್ತದೆ. ಪಶ್ಚಿಮದ ಹೊಸ ಮರದ ಮನೆಗಳು ಹೆಚ್ಚಾಗಿ ಇಂಥವೇ. ಫೈಫ್‌ನ ಹಳೇ ಬೆಸ್ತರ ಮನೆಗಳಲ್ಲಿ ಇಕ್ಕಟ್ಟಾದರೂ ಬಾಗಿಲಿರುವ ಅಡುಗೆಮನೆ ಸಿಗುವ ಸಂಭವ ಜಾಸ್ತಿ. ಪಶ್ಚಿಮದ ಒಂಟಿ ಮನೆಗಳಿಗೆ ಕೆಲವೊಮ್ಮೆ ತೊರೆಯದೇ ನೀರು. ಜೌಗಿನ ಬಣ್ಣಕ್ಕೆ ತೆಳು ಚಹದಂತೆ ಕಂದಾಗಿರುತ್ತದೆ. ಸಿಂಕಿನ ಕೆಳಗೆ ನೇರಳಾತೀತ ದೀಪದ ಸ್ವಿಚ್ ಇದ್ದರೆ ಅದನ್ನು ಆಫ್ ಮಾಡಬೇಡಿ, ಕ್ರಿಮಿ ಸಾಯಿಸುವುದು ಅದೇ.

ಫೈಫ್‌ನ ಕುಂದು ಮೆಟ್ಟಿಲು. ಕೆಲವು ಮನೆಗಳಿಗೆ ಹೊರಗಿನಿಂದಲೇ ಕಲ್ಲಿನ ಮೆಟ್ಟಿಲು, ಒಳಗಿನದು ಏಣಿಯಷ್ಟೇ ಕಡಿದು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ನೆಲಮಹಡಿಯಲ್ಲೇ ಮಲಗುವ ಕೋಣೆ, ಬಚ್ಚಲು ಎರಡೂ ಇವೆಯೇ ಎಂದು ಕೇಳಿಯೇ ಮುಂಗಡ ಕಟ್ಟಿ. ಕಾರು ಬಂದರಿನ ಕೆಲವು ಓಣಿಗಳಿಗೆ ಹೋಗುವುದಿಲ್ಲ, ಅಲ್ಲಿ ಮೇಲಿನ ರಸ್ತೆಯಲ್ಲಿ ನಿಲ್ಲಿಸಿ ಗುಂಡುಕಲ್ಲಿನ ಮೇಲೆ ಪೆಟ್ಟಿಗೆ ಎಳೆಯಬೇಕು. ಕೆಂಪು ಹೆಂಚಿನ ಮಾಡು ನೋಡಿದಾಗ ಮಾತ್ರ ಮಂಗಳೂರಿನ ನೆನಪಾಗದೆ ಇರದು.

ಮಕ್ಕಳಿಗೆ ಫೈಫ್‌ನಲ್ಲೇ ಹೆಚ್ಚು ಕೆಲಸ: ಆನ್‌ಸ್ಟ್ರದರ್‌ನಿಂದ ಮೇ ದ್ವೀಪಕ್ಕೆ ದೋಣಿ, ಅಲ್ಲಿ ಪಫಿನ್ ಹಕ್ಕಿಗಳು. ಆಗಸ್ಟ್ ಹೊತ್ತಿಗೆ ಅವು ಕಡಲಿಗೆ ಹಾರಿಹೋಗಿರುತ್ತವೆ. ಈಲಿಯಲ್ಲಿ ಬಂಡೆಗೆ ಬಿಗಿದ ಸರಪಳಿ ಹಿಡಿದು ಕಡಲಂಚಿನಲ್ಲಿ ಸಾಗುವ ದಾರಿಗೆ ಸ್ವಲ್ಪ ದೊಡ್ಡ ಮಕ್ಕಳಾಗಿರಬೇಕು. ನೀರು ಇಳಿಯುತ್ತಿರುವಾಗ ಹತ್ತಿ, ಏರುವ ಮೊದಲು ಮುಗಿಸಿ.

ಅತ್ತ ವಾಯವ್ಯದ ಆ್ಯಪಲ್‌ಕ್ರಾಸ್ ಎನ್ನುವವರಿದ್ದಾರೆ. 626 ಮೀಟರ್ ಏರುವ ಬ್ಯಾಲಖ್ ನ ಬಾ ಘಾಟಿಯ ತಿರುವುಗಳಲ್ಲಿ ರಿವರ್ಸ್ ಬರುವ ಧೈರ್ಯವಿದ್ದರೆ ಹೋಗಿ.

ದಿನಾಂಕವೇ ಬಜೆಟ್. ಸ್ಕಾಟ್ಲೆಂಡಿನ ಶಾಲೆಗಳಿಗೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ರಜೆ, ಇಂಗ್ಲೆಂಡಿನವಕ್ಕೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ. ಹೀಗಾಗಿ ಶಾಲೆಯ ಹಂಗಿಲ್ಲದವರಿಗೆ ಜೂನ್‌ನ ಮೊದಲ ಮೂರು ವಾರ ಫೈಫ್‌ಗೆ ಸರಿ. ಪಫಿನ್ ಸಿಗುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಪಶ್ಚಿಮವೇ ಬೇಕೆಂಬ ಹಟವಿದ್ದರೆ ಮೇ ಮೊದಲ ಎರಡು ವಾರ, ಮಿಜ್ ಏಳುವ ಮುಂಚೆ. ಜಾಹೀರಾತಿನಲ್ಲಿ ಅಲ್ಪಾವಧಿ ಬಾಡಿಗೆಯ ಲೈಸೆನ್ಸ್ ನಂಬರ್ ಇದೆಯೇ ನೋಡಿ. ಇಲ್ಲದಿದ್ದರೆ ದುಡ್ಡು ಕಳಿಸಬೇಡಿ. ವಿದ್ಯುತ್ತಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯೇ, ಮೀಟರ್ ಪ್ರಕಾರ ಬೇರೆಯೇ ಎಂದೂ ಕೇಳಿ. ಕಲ್ಲಿನ ಮನೆ ಜೂನ್‌ನಲ್ಲೂ ಹೀಟರ್ ಬೇಡುತ್ತದೆ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಸ್ಕಾಟ್ಲೆಂಡ್ ಕರಾವಳಿಯ ಕೆಲವು ಚಿಪ್ಸ್ ಅಂಗಡಿಗಳಲ್ಲಿ ಆಲೂಗೆಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ. ಬೋರ್ಡಿನಲ್ಲಿ ಬರೆದಿರಲೇಬೇಕೆಂದಿಲ್ಲ, ಸಾಲಿನಲ್ಲಿ ನಿಲ್ಲುವ ಮುಂಚೆ ಕೇಳಿಬಿಡಿ.